ಕಂಡಕ್ಟರ್ ಮನೆಯ ಬಿಳಿ ಸಾಹೇಬರು

"ಅತ್ತಿಗೆ, ನಾನು ಜೀವಮಾನವೆಲ್ಲ ಬಸ್ಸಿನಲ್ಲಿ ನಿಂತೇ ಕಳೆದವನು. ಎಂಥೆಂಥಾ ಜನರನ್ನ ನೋಡಿದ್ದೀನಿ! ಚಿಲ್ಲರೆ ಇಲ್ಲ ಅನ್ನೋರು, ಟಿಕೆಟ್ ಕೇಳಿದ ಕೂಡಲೇ ನಿದ್ದೆ ಬಂದೋರ ಹಾಗೆ ಕಣ್ಣು ಮುಚ್ಚೋರು, ಮೀಸೆ ಬಂದ ಮಗನ್ನ ತೊಡೆ ಮೇಲೆ ಕೂರಿಸ್ಕೊಂಡು ಇನ್ನೂ ಮಗು ಅನ್ನೋರು. ಯಾರಿಗೂ ಹೆದರಿದವನಲ್ಲ. ಆದ್ರೆ ಇದು ಜುಟ್ಟು ನಿಮಿರಿಸಿ, ಕತ್ತು ಓರೆ ಮಾಡಿ ಒಂದು ನೋಟ ನೋಡ್ತು ನೋಡಿ, ಅಬ್ಬಬ್ಬಾ, ಚೆಕಿಂಗ್ ಸಾಹೇಬರು ಬಸ್ ಹತ್ತಿದ ಹಾಗೇ ಆಯ್ತು! ನನ್ನ ಕೈ ತಾನಾಗೇ ಹೆಗಲಿಗೆ ಹೋಯ್ತು, ಟಿಕೆಟ್ ಚೀಲ ಇದೆಯಾ ಅಂತ. ನಮ್ಮ ರೂಟಿನ ಸಂಗೀತದ ಮೇಡಂ ಇದ್ರಲ್ಲ, ಅವರ ಹಕ್ಕಿ ಇದು. ಮಗಳ ಮನೆಗೆ ಹೋಗ್ತಾರಂತೆ, ಅಲ್ಲಿ ಮೊಮ್ಮಗೂಗೆ ಗರಿಯ ಧೂಳು ಆಗಿಬರಲ್ವಂತೆ. ನೀವು ಸಾಕ್ತೀರಾ ಅಂದ್ರು. ಯೋಚನೇನೇ ಮಾಡ್ಲಿಲ್ಲ ಅತ್ತಿಗೆ. 'ರೈಟ್' ಅಂದ್ಬಿಟ್ಟೆ!"

ಹೀಗೆ ಹೇಳಿದವರು ನನ್ನ ತಂಗಿಯ ಗಂಡ. ಕೆಲಸದಿಂದ ನಿವೃತ್ತರಾದರೂ ಬೀದಿಗೆಲ್ಲ ಅವರು ಇಂದಿಗೂ ಕಂಡಕ್ಟರೇ. ಅವರು ತಂದದ್ದು ಕಾಕಟೂ ಎಂಬ ದೊಡ್ಡ ಜಾತಿಯ ಬಿಳಿ ಗಿಳಿ. ಕೋಳಿಯಷ್ಟು ಗಾತ್ರ, ಹಳದಿ ಜುಟ್ಟು, ಅಡಕತ್ತರಿಯಂಥ ಕಪ್ಪು ಕೊಕ್ಕು. ಬಂದ ದಿನವೇ ಅದಕ್ಕೆ ಸಾಹೇಬರು ಎಂದು ಹೆಸರಾಯಿತು.

"ಬಸ್ಸಲ್ಲಿ ಸಾಹೇಬರ ಕಾಟ ಮುಗೀತು ಅಂದ್ಕೊಂಡಿದ್ರೆ ಮನೆಗೇ ಕರ್ಕೊಂಡು ಬಂದ್ರಲ್ಲ!" ಎಂದು ತಂಗಿ ಸಿಡಿದಳು. ಸಾಹೇಬರು ಅವಳತ್ತ ತಲೆಬಾಗಿಸಿ, ಕೆರೆದುಕೊಡು ಎಂಬಂತೆ ಕತ್ತು ಚಾಚಿದರು. ಅವಳ ಬೆರಳು ಆ ಗರಿಯೊಳಗೆ ಹೋಯಿತು. ಮತ್ತೆ ಬೈಗುಳ ಮುಂದುವರಿಯಲಿಲ್ಲ.

ಮನೆ ಇರುವುದು ಮಹಡಿಯ ಮೇಲೆ. ಬಾಲ್ಕನಿಯ ಕೆಳಗೇ ಬಸ್ ನಿಲ್ದಾಣ. ಒಂದು ಉದ್ದ ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಗಿಡ್ಡ ಸೀಟಿ ಊದಿದರೆ ಹೊರಡಬೇಕು. ಸಾಹೇಬರು ಬಂದು ತಿಂಗಳು ತುಂಬುವ ಮೊದಲೇ ಆ ಎರಡು ಗಿಡ್ಡ ಸೀಟಿಯನ್ನು ಕಲಿತರು. ಕಂಡಕ್ಟರಿಗೆ ಹಿಗ್ಗೋ ಹಿಗ್ಗು. "ಕೇಳಿ ಅತ್ತಿಗೆ, ನನ್ನ ಸೀಟಿಗಿಂತ ಚೊಕ್ಕ!" ಎಂದು ಹಕ್ಕಿಗೆ ಕೈತುಂಬ ಕಡಲೆಬೀಜ ಕೊಟ್ಟರು.

ಆ ಹಿಗ್ಗು ಒಂದು ಬೆಳಿಗ್ಗೆ ಇಳಿದುಹೋಯಿತು. ಕೆಳಗೆ ಬಸ್ಸು ನಿಂತಿತ್ತು. ತರಕಾರಿ ಬುಟ್ಟಿಯ ಹೆಂಗಸೊಬ್ಬಳು ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟಿದ್ದಳಷ್ಟೆ. ಮೇಲಿನಿಂದ ಫುರ್ ಫುರ್! ಡ್ರೈವರ್ ಬಸ್ಸು ಬಿಟ್ಟೇಬಿಟ್ಟ. ಬುಟ್ಟಿ ಉರುಳಿತು, ಟೊಮ್ಯಾಟೊ ರಸ್ತೆಯ ಪಾಲಾಯಿತು. ಒಳಗಿದ್ದವರು ಯಾರೋ ರಟ್ಟೆ ಹಿಡಿದು ಎಳೆದುಕೊಂಡದ್ದರಿಂದ ಅವಳು ಉಳಿದಳು. ಬಸ್ಸಿನ ಕಂಡಕ್ಟರನೇ ಬೀದಿಯಲ್ಲಿ ಉಳಿದು, ಚಹಾ ಲೋಟ ಹಿಡಿದುಕೊಂಡೇ ಹಿಂದೆ ಓಡಿದ. ಬೀದಿಯೆಲ್ಲ ನಕ್ಕಿತು. ನಮ್ಮ ಕಂಡಕ್ಟರ್ ಮಾತ್ರ ನಗಲಿಲ್ಲ.

"ನನ್ನ ಬಸ್ಸಿಂದ ಒಬ್ಬರೂ ಬಿದ್ದೋರಿಲ್ಲ," ಎಂದರು.

ಸಂಜೆ ನಿಲ್ದಾಣದಲ್ಲಿ ಬಸ್ಸುಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲರ್ ಮಹಡಿ ಹತ್ತಿ ಬಂದರು. "ಅಣ್ಣಾ, ನೀವು ಹಳಬರು, ನಿಮಗೆ ನಾನು ಹೇಳೋ ಹಾಗಿಲ್ಲ. ಮುಂದಿನ ಸೋಮವಾರ ನಾನೇ ಬಂದು ಕೂತ್ಕೋತೀನಿ. ಅವತ್ತು ಇದು ಸೀಟಿ ಹೊಡೆದ್ರೆ ಇದನ್ನ ಬೇರೆಯೋರಿಗೆ ಕೊಡ್ಬೇಕು."

"ಕೊಡ್ತೀನಿ," ಎಂದರು ಕಂಡಕ್ಟರ್. ತಂಗಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು.

ಮೊದಲು ಸಾಹೇಬರನ್ನು ಹಿಂದಿನ ಕೋಣೆಗೆ ಸೇರಿಸಿದರು. ಅಲ್ಲಿ ಅವರು ಎದೆಯ ಗರಿಗಳನ್ನು ತಾವೇ ಕಿತ್ತುಕೊಳ್ಳತೊಡಗಿದರು. ಚರ್ಮ ಕಂಡದ್ದೇ ತಡ, ತಂಗಿ ಪಂಜರವನ್ನು ಎತ್ತಿ ಬಾಲ್ಕನಿಗೆ ತಂದಳು. ತಾನೂ ಅಲ್ಲೇ ಸೊಪ್ಪು ಬಿಡಿಸುತ್ತ ಕುಳಿತು ಹಕ್ಕಿಯನ್ನೂ ಬಾಲ್ಕನಿಯ ಕಂಬಿ ಹಿಡಿದು ನಿಂತ ಗಂಡನನ್ನೂ ನೋಡಿದಳು. ಬಸ್ಸು ಬಂತು. ಹೋಯಿತು. ಇನ್ನೊಂದು ಬಂತು.

"ಅಯ್ಯೋ, ಕಳ್ಳ ಇಲ್ಲೇ ಇದ್ದಾನೆ!" ಎಂದು ಚೀರಿದಳು.

"ಯಾರೇ?"

"ನೀವೇ! ಜನ ಹತ್ತೋಕೆ ಶುರು ಮಾಡಿದ್ರೆ ಸಾಕು, ಉಂಗುರದಲ್ಲಿ ಕಂಬಿ ಟಕಟಕ ಅಂತ ಕುಟ್ತೀರಿ, ಬೇಗ ಬೇಗ ಅಂತ. ನೀವು ಕುಟ್ಟಿದ್ರೆ ಅದು ಊದುತ್ತೆ! ಪಾಪ, ಅದು ನಿಮ್ಮ ಡ್ಯೂಟಿ ಮಾಡ್ತಿದೆ!"

ಬಸ್ಸಿನ ಕಂಬಿಯನ್ನು ಕುಟ್ಟಿ ಕುಟ್ಟಿ ಬಂದ ಅಭ್ಯಾಸ ಅದು. ಕುಟ್ಟುತ್ತಿರುವುದು ಅವರಿಗೇ ಗೊತ್ತಿರಲಿಲ್ಲ. ಉಂಗುರ ತೆಗೆದರು, ಗೆಣ್ಣಿನಲ್ಲಿ ಕುಟ್ಟಿದರು. ಕೈಗೆ ಬಟ್ಟೆ ಸುತ್ತಿದರು, ಕಾಲಿನಲ್ಲಿ ಒದ್ದರು. "ಹುಟ್ಟುಗುಣ ಸುಟ್ಟರೂ ಹೋಗಲ್ಲ," ಎಂದು ತಂಗಿ ತಲೆ ಚಚ್ಚಿಕೊಂಡಳು. ಕೊನೆಗೆ ಪೆಟ್ಟಿಗೆ ಮಾಡುವ ಬಡಗಿಯ ಅಂಗಡಿಯಿಂದ ಮೆತ್ತನೆಯ ಮರದ ತುಂಡುಗಳನ್ನು ತಂದೆವು. ಬಸ್ಸು ಕಂಡ ಕೂಡಲೇ ಕಂಡಕ್ಟರ್ ಒಂದು ತುಂಡನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಸಾಹೇಬರು ಕಡಿಯಬೇಕು. ಇವರಿಗೆ ಕೈ ಬಿಡುವಿಲ್ಲ, ಅವರಿಗೆ ಬಾಯಿ ಬಿಡುವಿಲ್ಲ!

ಸೋಮವಾರ ಕಂಟ್ರೋಲರ್ ಬಂದು ಸ್ಟೂಲಿನ ಮೇಲೆ ಕುಳಿತರು. ಸಾಹೇಬರು ಪಂಜರದಿಂದ ಹೊರಬಂದು ಅದರ ಮೇಲೆ ಕುಳಿತಿದ್ದರು. ಮೊದಲ ಬಸ್ಸು ಸುಸೂತ್ರವಾಗಿ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಒಬ್ಬರು ಮುದುಕರು ಊರುಗೋಲಿನೊಂದಿಗೆ ಹತ್ತುತ್ತಿದ್ದರು. ಅಷ್ಟರಲ್ಲಿ ಸಾಹೇಬರು ತುಂಡನ್ನು ಕಿತ್ತು ಕೆಳಗೆ ಎಸೆದುಬಿಟ್ಟರು!

ಜುಟ್ಟು ಎದ್ದಿತು. ಕಂಡಕ್ಟರ್ ಕೈ ಬರಿದಾಗಿ ಕಂಬಿಯತ್ತ ಹೊರಟೇಬಿಟ್ಟಿತು.

"ರೀ!" ಎಂದಳು ತಂಗಿ.

ಅವರು ದೊಪ್ಪನೆ ನೆಲಕ್ಕೆ ಕುಳಿತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡರು. ಸಾಹೇಬರು ಕಂಬಿಯನ್ನು ನೋಡಿದರು, ಅವರನ್ನು ನೋಡಿದರು, ಕತ್ತು ಓರೆ ಮಾಡಿ ಕಾದರು. ಕೆಳಗೆ ಮುದುಕರ ಎರಡನೆಯ ಕಾಲು ಮೆಟ್ಟಿಲೇರಿತು, ಊರುಗೋಲು ಒಳಗೆ ಹೋಯಿತು. ಆಮೇಲೆ ಬಸ್ಸಿನ ನಿಜವಾದ ಸೀಟಿ ಕೇಳಿಸಿತು. ಬಸ್ಸು ಹೊರಟಿತು.

ಸಾಹೇಬರು ಬೇಸತ್ತವರಂತೆ ಪಂಜರದ ಮೇಲಿಂದ ಇಳಿದು, ನಡೆದುಹೋಗಿ ಕಂಟ್ರೋಲರ್ ಬೂಟಿನ ದಾರವನ್ನು ಕಚಕ್ಕನೆ ಕತ್ತರಿಸಿದರು.

"ಬೂಟೇ ತಿನ್ಲಿ ಬಿಡಿ ಅಣ್ಣಾ!" ಕಂಟ್ರೋಲರ್ ಹೊಟ್ಟೆ ಹಿಡಿದು ನಕ್ಕರು. "ಇಲ್ಲೇ ಇರ್ಲಿ. ಆದ್ರೆ ನೀವು ಕೈ ಮೇಲೆ ಕೂರೋದನ್ನ ಬಿಡ್ಬೇಡಿ!"

ತಂಗಿ ಹಕ್ಕಿಯನ್ನು ಎದೆಗವಚಿಕೊಂಡು ಒಂದು ಸುತ್ತು ತಿರುಗಿದಳು. ನಾನು ಚಪ್ಪಾಳೆ ತಟ್ಟಿದೆ. ಕಂಡಕ್ಟರ್ ಮಾತ್ರ ಇನ್ನೂ ನೆಲದಲ್ಲೇ ಇದ್ದರು, ಕಣ್ಣಲ್ಲಿ ನೀರು.

"ಏಳಿ, ಸಾಹೇಬರು ಉದುರಿಸಿದ್ದನ್ನ ಯಾರು ಬಳೀತಾರೆ?" ಎಂದು ತಂಗಿ ಪೊರಕೆ ಚಾಚಿದಳು. ಅವರು ಸೊಂಟ ಹಿಡಿದುಕೊಂಡು ಎದ್ದರು. ಮೂಲೆಯಿಂದ ಆರಂಭಿಸಿ ಮರದ ಚೂರು, ಕಡಲೆ ಸಿಪ್ಪೆ, ಬಿಳಿ ಪುಕ್ಕಗಳನ್ನು ಒಟ್ಟುಮಾಡಿ ಮೊರಕ್ಕೆ ಗುಡಿಸತೊಡಗಿದರು.