ದೀಪಾವಳಿಗೆ ಮುಗಿಯದ ಆಟ

ಡೆಟ್ರಾಯಿಟ್‌ನ ಬೇಸ್‌ಬಾಲ್ ತಂಡದಷ್ಟು ದರಿದ್ರ ತಂಡವನ್ನು ನಾನು ಯಾವ ಆಟದಲ್ಲೂ ಕಂಡಿಲ್ಲ. ತೊಂಬತ್ತರ ದಶಕದ ಕೊನೆಗೆ ನಾವು ಮಿಶಿಗನ್ನಿನಲ್ಲಿ, ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿ ಮನೆ ಮಾಡಿದಾಗಲೇ ಅವರು ಸೋಲುವುದನ್ನು ಕಸುಬು ಮಾಡಿಕೊಂಡಿದ್ದರು. ಹಳೆಯ ಸ್ಟೇಡಿಯಂನಲ್ಲಿ ಸೋತರು. ತಪ್ಪೆಲ್ಲ ಕಟ್ಟಡದ್ದೇ ಎಂಬಂತೆ ಅದಕ್ಕೆ ಬೀಗ ಜಡಿದು, ಊರವರೆಲ್ಲ ಸೇರಿ ಕಣ್ಣೀರು ಸುರಿಸಿ, ಮರುವರ್ಷ ಹೊಸದಕ್ಕೆ ಹೋದರು. ಹೊಸದರಲ್ಲಿ ಮಕ್ಕಳಿಗೆಂದು ಜೈಂಟ್ ವೀಲ್ ಕೂಡ ಇತ್ತು. ತಂಡ ಮಾತ್ರ ಹಳೆಯದೇ.

ಆಗ ನಾನು ಟ್ರಾಯ್‌ನಲ್ಲಿ ಕಾರಿನ ಸೀಟಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಆಟದ ಟಿಕೆಟ್ಟುಗಳನ್ನು ಆಫೀಸಿನಲ್ಲಿ ಪುಕ್ಕಟೆ ಹಂಚುತ್ತಿದ್ದರು. ಪುಕ್ಕಟೆಯಾದರೂ ಯಾರಿಗೂ ಬೇಕಿರಲಿಲ್ಲ. ಕಾಫಿ ಮೇಜಿನ ಮೇಲೆ ನಿನ್ನೆಯ ಕೇಕಿನ ತುಂಡಿನಂತೆ ಬಿದ್ದಿರುತ್ತಿದ್ದವು. ಅಂಥ ಎರಡು ಟಿಕೆಟ್ ಎತ್ತಿಕೊಂಡು ಬಂದು ನಾನು ನನ್ನ ಮಾವನವರನ್ನು ಕರೆದುಕೊಂಡು ಹೋದೆ. ಆ ತಂಡದ ರೋಗ ಅವರಿಗೆ ಅಂಟಿದ್ದು ಅಲ್ಲೇ.

ಮಾವನವರು ಹಾಸನದ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಅತ್ತೆ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳೂ ಹಟ ಹಿಡಿದು ಅವರನ್ನು ಇಲ್ಲಿಗೆ ಕರೆಸಿಕೊಂಡಿದ್ದರು. ದೊಡ್ಡವಳು ನನ್ನ ಹೆಂಡತಿ. ಚಿಕ್ಕವಳು, ಅಂದರೆ ನನ್ನ ನಾದಿನಿ, ಶಿಕಾಗೋ ಪಕ್ಕದ ಬೋಲಿಂಗ್‌ಬ್ರೂಕ್‌ನಲ್ಲಿ. ಅಳಿಯಂದಿರ ಮನೆಯಲ್ಲಿ ಕೂತು ಉಣ್ಣುವುದು ಮಾವನವರಿಗೆ ಮುಜುಗರ. ಅದಕ್ಕೇ ತಾವೇ ಒಂದು ಕಟ್ಟಳೆ ಮಾಡಿಕೊಂಡರು. ಯುಗಾದಿಯಿಂದ ದೀಪಾವಳಿವರೆಗೆ ನಮ್ಮ ಮನೆ, ದೀಪಾವಳಿಯಿಂದ ಯುಗಾದಿವರೆಗೆ ಬೋಲಿಂಗ್‌ಬ್ರೂಕ್. ನರಕ ಚತುರ್ದಶಿಯ ಎಣ್ಣೆಸ್ನಾನ ನಮ್ಮಲ್ಲಿ, ಬಲಿಪಾಡ್ಯಮಿಯ ಊಟ ಅಲ್ಲಿ. ಊರಲ್ಲಾದರೆ ದೀಪಾವಳಿಗೆ ಅಳಿಯ ಮಾವನ ಮನೆಗೆ ಹೋಗುತ್ತಾನೆ. ನಮ್ಮಲ್ಲಿ ಮಾವನೇ ಒಬ್ಬ ಅಳಿಯನ ಕಾರಿಂದ ಇಳಿದು ಇನ್ನೊಬ್ಬ ಅಳಿಯನ ಕಾರು ಹತ್ತುತ್ತಿದ್ದರು. ಹತ್ತಿಳಿಯುವುದು ದಾರಿ ಮಧ್ಯೆ, ಕಲಮಜೂ ಎಂಬ ಊರಿನ ಹತ್ತಿರದ ಒಂದು ಹೈವೇ ಎಕ್ಸಿಟ್‌ನಲ್ಲಿ, ಪೆಟ್ರೋಲ್ ಬಂಕಿನ ಮುಂದೆ. ಮಾತ್ರೆಯ ಡಬ್ಬಿ, ಮಫ್ಲರು, ಸೂಟ್‌ಕೇಸು, ಆಮೇಲೆ ಮಾವ.

ನಾನು ಹುಡುಗನಾಗಿದ್ದಾಗಲೇ ಅಪ್ಪನನ್ನು ಕಳೆದುಕೊಂಡವನು. ಈ ಮನುಷ್ಯ ನಮ್ಮ ಮನೆಯನ್ನು ತನ್ನ ಮನೆ ಅನ್ನಲಿ ಎಂದು ಆಸೆಪಟ್ಟೆ. ಅವರು ಒಂದು ಸಲವೂ ಅನ್ನಲಿಲ್ಲ. ‘ನಿಮ್ಮನೇಲಿ’ ಅನ್ನುತ್ತಿದ್ದರು, ಅಲ್ಲಿಗೆ ಹೋದರೆ ‘ಅವರ ಮನೇಲಿ’. ತಕ್ಕಡಿ ಒಂದು ಕೂದಲೆಳೆಯಷ್ಟೂ ಈ ಕಡೆ ವಾಲುತ್ತಿರಲಿಲ್ಲ.

ವಾಲುವುದಾದರೆ ಆ ಕಡೆಯೇ ವಾಲಬೇಕಿತ್ತು. ನನ್ನ ಷಡ್ಡಕ, ನಾದಿನಿಯ ಗಂಡ, ಗೋದಾಮುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವವನು. ಅವನ ಸುತ್ತ ಗೋದಾಮುಗಳು ನಾಯಿಕೊಡೆಯಂತೆ ಎದ್ದವು. ನಮ್ಮ ಕಡೆ ಕಾರಿನ ಕಾರ್ಖಾನೆಗಳು ಒಂದೊಂದಾಗಿ ಮಕಾಡೆ ಮಲಗುತ್ತಿದ್ದವು. ಷಡ್ಡಕನಿಗೆ ಗೆದ್ದವರೆಂದರೆ ಪ್ರಾಣ. ಯಾವ ತಂಡ ಗೆಲ್ಲುತ್ತದೋ ಆ ವರ್ಷ ಅದು ‘ನಮ್ ಟೀಮು’. ಶಿಕಾಗೋದ ಒಂದು ತಂಡ ಎಷ್ಟೋ ಕಾಲದ ಮೇಲೆ ಕಪ್ ಗೆದ್ದ ವರ್ಷವಂತೂ, ಅದು ಎಲ್ಲಿ ಆಡುತ್ತದೆ ಎಂದೇ ಹಿಂದಿನ ವರ್ಷ ಗೊತ್ತಿಲ್ಲದವನು, ಫೋನಿನಲ್ಲಿ ನನಗೆ ಆಟದ ಮರ್ಮ ಬೋಧಿಸಿದ. ಕೇಳುತ್ತಾ ನಾನು ಬೆಂಡೆಕಾಯಿ ಹೆಚ್ಚಿ ಮುಗಿಸಿದೆ.

ಮಾವನವರ ಪಾಲಿಗೆ ಬಂದದ್ದು ಡೆಟ್ರಾಯಿಟ್ ತಂಡ. ಪ್ರತಿವರ್ಷ ಆಟಗಳು ಶುರುವಾಗುವುದು ಯುಗಾದಿಯ ಹೊತ್ತಿಗೆ, ಮುಗಿಯುವುದು ದೀಪಾವಳಿಗೆ ಮುಂಚೆ. ಅವರ ಸರದಿಗೂ ಅದಕ್ಕೂ ಬರೆದಿಟ್ಟ ಹಾಗೆ ಕೂಡಿಬಂತು. ಸ್ಟೇಡಿಯಂಗೆ ಹೋದ ಆ ಮೊದಲ ದಿನ ಸೋಲು ಖಾತ್ರಿಯಾಗಿ ಜನ ಏಳತೊಡಗಿದಾಗ, ಟ್ರಾಫಿಕ್ ತಪ್ಪಿಸೋಣ ಅಂತ ನಾನೂ ಎದ್ದೆ. ಅವರು ಏಳಲಿಲ್ಲ. ಸೋತ ಹುಡುಗರ ಜೊತೆ ಬಸ್ಸಿನಲ್ಲಿ ವಾಪಸ್ ಬರುವುದೇ ಮೇಷ್ಟ್ರ ಕೆಲಸ, ಗೆದ್ದ ಹುಡುಗರ ಜೊತೆ ಬರಲು ಹೆಡ್‌ಮಾಸ್ಟರು, ಚೇರ್ಮನ್ನರು ಎಲ್ಲರೂ ಇರುತ್ತಾರೆ ಅಂದರು. ಇಡೀ ಸಾಲಿನಲ್ಲಿ ನಾವಿಬ್ಬರೇ ಉಳಿದೆವು.

ಅಲ್ಲಿಂದ ವರ್ಷಗಟ್ಟಲೆ ಟಿ.ವಿ. ಮುಂದೆ ಅದೇ ಭಜನೆ. ಕೈಗೆ ಬಂದ ಚೆಂಡು ಬಿಡುವವರು, ಹೊಡೆಯದೆ ಸುಮ್ಮನೆ ನಿಂತು ಔಟಾಗುವವರು, ಇಷ್ಟಾದರೂ ನಿರಾಳವಾಗಿ ಚೂಯಿಂಗ್ ಗಮ್ ಅಗಿಯುವವರು. ಒಂದು ವರ್ಷ ಇತಿಹಾಸದಲ್ಲೇ ಅತಿ ಕೆಟ್ಟ ತಂಡವೆಂಬ ದಾಖಲೆ ಇನ್ನೇನು ಕೈಗೆ ಬಂತು ಅನ್ನುವಾಗ, ಕೊನೆಯ ವಾರದಲ್ಲಿ ಗೆದ್ದು ಅದನ್ನೂ ಕೆಡಿಸಿಕೊಂಡರು. ಸೋಲುವುದನ್ನಾದರೂ ನೆಟ್ಟಗೆ ಕಲಿತಿದ್ದರೆ ಒಂದು ಮರ್ಯಾದೆ ಇರುತ್ತಿತ್ತು. ನಾನು ಹೀಗೆ ಅಂದಾಗಲೆಲ್ಲ ಮಾವನವರು ಕಡ್ಲೆಪುರಿಯ ಬಟ್ಟಲನ್ನು ನನ್ನ ಕಡೆ ತಳ್ಳುತ್ತಿದ್ದರು, ಬಾಯಿ ಮುಚ್ಚಲಿ ಅಂತ.

ಆಮೇಲೆ, ಶಿಕಾಗೋ ಗೆದ್ದ ಮರುವರ್ಷ, ಯಾರಿಗೂ ಹೇಳದೆ ಕೇಳದೆ ಈ ದರಿದ್ರ ತಂಡ ಗೆಲ್ಲತೊಡಗಿತು. ಬೇಸಿಗೆಯೆಲ್ಲ ಗೆದ್ದಿತು. ಕೊನೆಯ ವಾರ ಹಳೆಯ ಚಾಳಿ ನೆನಪಾಗಿ ಸತತ ಸೋತು ತನ್ನ ಗುಂಪಿನ ಮೊದಲ ಸ್ಥಾನ ಕಳೆದುಕೊಂಡರೂ, ಹಿಂಬಾಗಿಲಿನಿಂದ ನುಗ್ಗಿ ಫೈನಲ್ ಮುಟ್ಟಿತು. ಟಿಕೆಟ್ಟಿಗೆ ಮೂಗು ಮುರಿಯುತ್ತಿದ್ದ ಆಫೀಸಿನವರು ಈಗ ಟಿಕೆಟ್ಟಿಗಾಗಿ ಮ್ಯಾನೇಜರನ ಹಿಂದೆ ಸುತ್ತತೊಡಗಿದರು. ಫೈನಲ್ ಅಂದರೆ ಒಂದೇ ಆಟವಲ್ಲ, ಏಳು ಆಟಗಳ ಸರಣಿ. ಅದರ ಮೊದಲ ಆಟ ನಮ್ಮೂರಲ್ಲೇ, ದೀಪಾವಳಿಯ ಶನಿವಾರ ಸಂಜೆ. ಕಟ್ಟಳೆಯ ಪ್ರಕಾರ ಮಾವನವರು ಅವತ್ತು ಮಧ್ಯಾಹ್ನ ಕಲಮಜೂನಲ್ಲಿ ಕಾರು ಬದಲಿಸಬೇಕು. ಕಟ್ಟಳೆ ಮಾಡುವಾಗ ಈ ತಂಡ ದೀಪಾವಳಿವರೆಗೆ ಆಡೀತು ಅಂತ ಯಾರು ತಾನೇ ಎಣಿಸಿದ್ದರು?

ಆ ವಾರ ಅವರು ನನ್ನ ಹೆಂಡತಿಯ ಹತ್ತಿರ, ಅದೂ ಅವಳು ಚಪಾತಿ ಲಟ್ಟಿಸುವಾಗ ಬೆನ್ನ ಹಿಂದೆ ನಿಂತು, ಈ ಸಲ ಒಂದು ವಾರ ತಡವಾಗಿ ಹೋದರೆ ಹೇಗೆ ಅಂತ ಕೇಳಿದರಂತೆ. ಈ ದೇಶಕ್ಕೆ ಬಂದ ಮೇಲೆ ಅವರು ಬಾಯಿಬಿಟ್ಟು ಕೇಳಿದ ಮೊದಲ ಬೇಡಿಕೆ ಅದು. ನನಗೆ ಒಳಗೊಳಗೇ ಹಬ್ಬ. ಆದರೆ ನಾದಿನಿ ಫೋನಿನಲ್ಲಿ ಅತ್ತಳು: ಅಪ್ಪನಿಗೆ ಮಗಳಿಗಿಂತ ಚೆಂಡು ದೊಡ್ಡದಾಯಿತೇ ಅಂತ. ಮಾವನವರು ಮತ್ತೆ ಆ ಮಾತೆತ್ತಲಿಲ್ಲ. ಶನಿವಾರ ಎಣ್ಣೆಸ್ನಾನ ಮುಗಿಸಿ, ಮಫ್ಲರು ಸುತ್ತಿಕೊಂಡು ತಾವೇ ಮೊದಲು ಕಾರಿನಲ್ಲಿ ಕೂತರು. ದಾರಿಯುದ್ದಕ್ಕೂ ರೇಡಿಯೋದಲ್ಲಿ ಸಂಜೆಯ ಆಟದ್ದೇ ಮಾತು. ನಾನು ಆರಿಸಲು ಕೈ ಚಾಚಿದೆ. ಇರಲಿ ಅಂದರು.

ಬಂಕಿನ ಮುಂದೆ ಷಡ್ಡಕ ಕಾರಿಗೊರಗಿ ನಿಂತಿದ್ದ. ಅವನ ತಲೆಯ ಮೇಲೆ ಡೆಟ್ರಾಯಿಟ್ ತಂಡದ ಹೊಚ್ಚ ಹೊಸ ಟೋಪಿ. ಅಂಚಿನ ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ. ಕೈಯಲ್ಲಿ ಅಂಥದೇ ಇನ್ನೊಂದು, ಮಾವನವರಿಗೆ ದೀಪಾವಳಿ ಉಡುಗೊರೆ. ಹಲ್ಲು ಕಿರಿಯುತ್ತಾ ಮುಂದೆ ಬಂದು, “ಮಾವ, ನೋಡಿದ್ರಾ ನಮ್ ಟೀಮು? ನಾನು ಮೊದ್ಲಿಂದ್ಲೂ ಹೇಳ್ತಿದ್ದೆ,” ಅಂದ.

ನನಗೆ ಅವನ ಮೇಲೆ ಹುಟ್ಟಿದ ಅಸಹ್ಯವನ್ನು ಇವತ್ತಿಗೂ ಕಡಿಮೆ ಮಾಡಿಕೊಂಡಿಲ್ಲ. ಮಾವನವರು ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಹೊಲಿಗೆ ಚೆನ್ನಾಗಿದೆ ಅನ್ನುವ ಹಾಗೆ. ಅದನ್ನು ಅವನ ಕೈಗೇ ವಾಪಸ್ ಕೊಟ್ಟರು.

“ಇವ್ರು ಸೋಲ್ತಿದ್ದಾಗ ನೀವು ಒಂದಿನಾನೂ ಕೂತು ನೋಡಿದ್ದು ನಾನು ಕಾಣೆ,” ಅಂದರು. ದನಿ ಏರಿಸಲಿಲ್ಲ. ನನ್ನ ಕಡೆ ತಿರುಗಿ, “ನಡೀರಿ, ಆಟ ಶುರುವಾಗೋದ್ರೊಳಗೆ ಮುಟ್ಟಬೇಕು,” ಅಂದರು.

ಷಡ್ಡಕ ನನ್ನ ಹೆಂಡತಿ ಕಟ್ಟಿಕೊಟ್ಟ ಕಜ್ಜಾಯದ ಡಬ್ಬಿ ಹಿಡಿದು, ಎರಡು ಟೋಪಿಗಳ ಸಮೇತ ಒಬ್ಬನೇ ಬೋಲಿಂಗ್‌ಬ್ರೂಕ್‌ಗೆ ಹೋದ. ಮಾವನವರು ಮನೆಗೆ ಬಂದವರೇ ಚಿಕ್ಕಮಗಳಿಗೆ ಫೋನ್ ಮಾಡಿ ಬಹಳ ಹೊತ್ತು ಸಮಾಧಾನ ಹೇಳಿದರು.

ಇಷ್ಟೆಲ್ಲ ರಾಮಾಯಣ ಮಾಡಿಸಿದ ತಂಡ ಮಾಡಿದ್ದೇನು? ಮಣ್ಣು ಮುಕ್ಕಿತು. ಬ್ಯಾಟಿನವನ ಮುಂದೆ ಬಾಣದ ಹಾಗೆ ಚೆಂಡೆಸೆಯುವ ಪಿಚರುಗಳಿಗೆ, ಕಾಲ ಬುಡಕ್ಕೆ ಉರುಳಿ ಬಂದ ಚೆಂಡನ್ನೆತ್ತಿ ಪಕ್ಕದ ತಮ್ಮವನ ಕೈಗೆ ಎಸೆಯಲು ಬರಲಿಲ್ಲ. ಒಬ್ಬನಲ್ಲ, ಒಬ್ಬರಾದ ಮೇಲೊಬ್ಬರು ಎತ್ತಲೋ ಎಸೆದರು. ವಾರದೊಳಗೆ ಕಥೆ ಮುಗಿಯಿತು. ಮರುದಿನ ನಾನು, ಬೋಲಿಂಗ್‌ಬ್ರೂಕ್‌ಗೆ ಯಾವತ್ತು ಹೊರಡೋಣ ಅಂತ ಕೇಳಿದೆ. ಕೇಳಲೇಬೇಕಿತ್ತು, ಕಟ್ಟಳೆ ಅವರದೇ.

“ಗೆದ್ದಿದ್ರೆ ಹೋಗ್ಬಿಡ್ತಿದ್ದೆ,” ಅಂದರು ಮಾವನವರು. ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿದರು. ಆ ಚಳಿಗಾಲ ನಾದಿನಿಯೇ ಬಂದು ಅಪ್ಪನ ಜೊತೆ ಇದ್ದು ಹೋದಳು. ಕಲಮಜೂವಿನ ಬಂಕಿಗೆ ನಾವು ಮತ್ತೆ ಹೋಗಲಿಲ್ಲ. ಆದರೂ ಅವರು ಉಳಿದದ್ದು ಆ ತಂಡದ ಹುಚ್ಚಿಗೆ ಎಂದೇ ನಾನು ತಿಳಿದಿದ್ದೆ, ಅದಕ್ಕಾಗಿ ಆ ತಂಡವನ್ನು ಇನ್ನಷ್ಟು ಬೈದೆ.

ಎರಡು ವರ್ಷದ ಮೇಲೆ ಪಂಡಿತರೆಲ್ಲ ಸೇರಿ ಈ ತಂಡಕ್ಕೆ ಕಪ್ ಖಚಿತ ಅಂದರು. ತಂಡ ಮೊದಲ ವಾರದಿಂದಲೇ ಸೋಲುತ್ತಾ ಬಂದು ತನ್ನ ಗುಂಪಿನ ಕೊನೆಗೆ ಹೋಗಿ ಕೂತಿತು. ಅದೇ ಸೆಪ್ಟೆಂಬರಿನ ಒಂದು ಬೆಳಿಗ್ಗೆ ನಮ್ಮ ಕಂಪನಿಯಲ್ಲಿ ಒಂದಿಡೀ ವಿಭಾಗವನ್ನು ಮನೆಗೆ ಕಳಿಸಿದರು. ಅದರಲ್ಲಿ ನಾನೂ ಒಬ್ಬ. ಮೇಜಿನ ಮೇಲಿನ ಸಾಮಾನನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿಕೊಂಡು, ಹೆಂಡತಿಗೆ ಏನು ಹೇಳಲಿ ಅಂತ ಯೋಚಿಸುತ್ತಾ ಡ್ರೈವ್ ಮಾಡಿಕೊಂಡು ಬಂದೆ. ಮಟಮಟ ಮಧ್ಯಾಹ್ನ. ಅವಳು ಕೆಲಸಕ್ಕೆ ಹೋಗಿದ್ದಳು. ಟಿ.ವಿ.ಯಲ್ಲಿ ಆಟ ನಡೆಯುತ್ತಿತ್ತು, ನಮ್ಮವರು ಸೋಲುತ್ತಿದ್ದರು.

ಮಾವನವರು ತಿರುಗಿ ನೋಡಿದರು. ಪೆಟ್ಟಿಗೆಯನ್ನೂ ನೋಡಿದರು. ಸೋಫಾದ ಮೇಲಿದ್ದ ಕಡ್ಲೆಪುರಿ ಬಟ್ಟಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಜಾಗ ಮಾಡಿದರು.

“ಬನ್ನಿ, ಕೂತ್ಕೊಳ್ಳಿ,” ಅಂದರು. “ನಮ್ಮನೇಲಿ ಅರ್ಧಕ್ಕೆ ಯಾರೂ ಎದ್ದು ಹೋಗಲ್ಲ.”