ಆದೋನಿಯ ಎಂಟ್ವಿಸಲ್ ಮನೆತನ

ಬೆಳಿಗ್ಗೆಯಿಂದ ನಮ್ಮ ಮನೆಯಲ್ಲಿ ಎಳ್ಳು ಹುರಿದ ವಾಸನೆ. ನಾಗರಪಂಚಮಿಯ ಹೊತ್ತಿಗೆ ನಿಮ್ಮ ಮನೆಯಲ್ಲಿ ಇದೇನು ದೊಡ್ಡ ಸಂಗತಿಯಲ್ಲದಿರಬಹುದು. ನಮ್ಮದು ಇಬ್ಬರು ಗಂಡುಮಕ್ಕಳ ಮನೆ. ಪಂಚಮಿಯೆಂದರೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಬರುವವರೇ ಇಲ್ಲವಾದ್ದರಿಂದ ನನ್ನ ಹೆಂಡತಿ ಶಾಸ್ತ್ರಕ್ಕೆಂದು ಒಂದು ಬಟ್ಟಲು ಎಳ್ಳಿನಲ್ಲಿ ಹಬ್ಬ ಮುಗಿಸುತ್ತಿದ್ದಳು. ಈ ಸಲ ಎಳ್ಳುಂಡಿ, ಶೇಂಗಾ ಉಂಡಿ, ರವೆ ಉಂಡಿ ಎಲ್ಲ ತಟ್ಟೆಗಳಲ್ಲಿ ಕೂತಿವೆ. ಹಿತ್ತಲ ಬೇವಿನಮರಕ್ಕೆ ಜೋಕಾಲಿ ಕಟ್ಟಿಸಿದ್ದೇನೆ. ಯಾಕೆಂದರೆ ಈಗ ನಮಗೊಬ್ಬ ಮಗಳಿದ್ದಾಳೆ. ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಹೋದ ವೈಶಾಖದಲ್ಲಿ, ಅವಳು ನಮಗೆ ಮಗಳಾದಳು. ಅದಕ್ಕೆ ಕಾರಣ ಒಬ್ಬ ಇಂಗ್ಲೀಷ್ ದೊರೆ. ಗಾಬರಿಯಾಗಬೇಡಿ, ಸಾವಕಾಶವಾಗಿ ಹೇಳುತ್ತೇನೆ.

ನಮ್ಮ ಅಕ್ಕನನ್ನು ಕೊಟ್ಟ ಮನೆಯ ಹೆಸರು ಎಂಟ್ವಿಸಲ್. ಭಾವ ಹಣೆತುಂಬ ವಿಭೂತಿ ಹಚ್ಚಿಕೊಂಡು ಆದೋನಿಯ ಮಾರ್ಕೆಟ್ಟಿನ ಹತ್ತಿರ ಹತ್ತಿಕಾಳಿನ ವ್ಯಾಪಾರ ಮಾಡುವವರು. ಅಂಗಡಿಯ ಬೋರ್ಡಿನ ಮೇಲೆ ಮಾತ್ರ ತೆಲುಗು, ಕನ್ನಡ, ಇಂಗ್ಲೀಷು ಮೂರರಲ್ಲೂ ‘ಎಂಟ್ವಿಸಲ್ ಬಸವರಾಜಪ್ಪ’ ಎಂದಿದೆ. ಹೊರಗಿನಿಂದ ಬಂದ ಗಿರಾಕಿಗಳು ಬೋರ್ಡನ್ನು ಒಮ್ಮೆ, ಗಲ್ಲಾಪೆಟ್ಟಿಗೆಯ ಹಿಂದಿನ ಮುಖವನ್ನು ಒಮ್ಮೆ ನೋಡಿ, ತಪ್ಪು ಅಂಗಡಿಗೆ ಬಂದೆವೇನೋ ಎಂದು ಮೆಟ್ಟಿಲಿಳಿದದ್ದೂ ಉಂಟು. ಭಾವ ಅದನ್ನು ನಷ್ಟವೆಂದು ತಿಳಿಯುವುದಿಲ್ಲ, ಮರ್ಯಾದೆಯೆಂದು ತಿಳಿಯುತ್ತಾರೆ.

ಅಕ್ಕನ ಮದುವೆ ಗೊತ್ತಾದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಗಂಡಿನವರು ಯಾವ ಮನೆತನದವರು ಎಂದು ಓಣಿಯವರು ಕೇಳಿದರೆ ನಮ್ಮವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಮಾತು ಬದಲಿಸುತ್ತಿದ್ದಳು. ಅಕ್ಕ ರೊಟ್ಟಿ ಬಡಿಯುತ್ತ ಆ ಹೆಸರನ್ನು ಬಾಯಿಪಾಠ ಮಾಡುತ್ತಿದ್ದಳು. ನಮ್ಮ ಮನೆತನದ ಹೆಸರು ‘ಗಾಣದ’. ಹಿಂದೆ ಯಾರೋ ಗಾಣ ಇಟ್ಟಿದ್ದರು, ಮುಗಿಯಿತು. ಅದರ ಮೂಲ ಹುಡುಕಲು ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದಕ್ಕೇ ಇರಬೇಕು, ಭಾವನ ಹೆಸರನ್ನು ಕಂಡರೆ ನನಗೆ ಮೊದಲಿನಿಂದ ಸ್ವಲ್ಪ ಹೊಟ್ಟೆಕಿಚ್ಚು. ಅದು ಕಾಣಬಾರದೆಂದು ತಮಾಷೆ ಮಾಡುತ್ತ ಬಂದೆ.

ಮೂಲದ ಕಥೆ ಇಷ್ಟೇ. ಯಾವುದೋ ಕಾಲದಲ್ಲಿ ಆದೋನಿಯಲ್ಲಿ ಹತ್ತಿ ಒತ್ತಿ ಬೇಲು ಕಟ್ಟುವ ಒಂದು ಪ್ರೆಸ್ಸಿಗೆ ಎಂಟ್ವಿಸಲ್ ಎಂಬ ದೊರೆ ಮ್ಯಾನೇಜರಾಗಿ ಬಂದಿದ್ದ. ಮದುವೆಯಾಗಿರಲಿಲ್ಲ. ಬಿಸಿಲನ್ನು ಬೈಯುತ್ತ, ಮಜ್ಜಿಗೆ ಕುಡಿಯುತ್ತ ಕೆಲವು ವರ್ಷ ಇದ್ದು ಹಡಗು ಹತ್ತಿದ. ಭಾವನ ಮುತ್ತಜ್ಜ ಅವನ ಕೈಕೆಳಗೆ ಹತ್ತಿ ತೂಗುತ್ತಿದ್ದ. ಊರಲ್ಲಿ ಬೇಕಾದಷ್ಟು ಸಿದ್ದಪ್ಪಂದಿರಿದ್ದರು, ಹಾಗಾಗಿ ಇವನು ಎಂಟ್ವಿಸಲ್ ಸಿದ್ದಪ್ಪನಾದ. ಮುಂದೆ ಮಗನನ್ನು ಶಾಲೆಗೆ ಸೇರಿಸುವಾಗ ತೆಲುಗು ಮೇಷ್ಟ್ರು ಇಂಟಿಪೇರು ಏನೆಂದು ಕೇಳಿದರು. ನಮ್ಮ ತೆಲುಗು ಸೀಮೆಯಲ್ಲಿ ಇಂಟಿಪೇರು, ಅಂದರೆ ಮನೆತನದ ಹೆಸರು, ಇಲ್ಲದವನು ಅರ್ಧ ಮನುಷ್ಯ. ಅಲ್ಲಿಯವರೆಗೆ ಅಪ್ಪನ ಹೆಸರಿನಲ್ಲಿ ಸುಖವಾಗಿದ್ದ ಕನ್ನಡ ಮಂದಿ ತಡವರಿಸಿದರು. ಮೇಷ್ಟ್ರು ಊರು ಕರೆಯುತ್ತಿದ್ದುದನ್ನೇ ಬರೆದುಕೊಂಡರು. ಮದುವೆಯಾಗದ ದೊರೆಯ ವಂಶ ಹೀಗೆ ಬೆಳೆಯಿತು.

ಬೆಳೆದದ್ದು ಒಂದೇ ಕಡೆಯಲ್ಲ. ಗೋನೆಗಂಡ್ಲದಿಂದ ಅದೇ ಪ್ರೆಸ್ಸಿಗೆ ಬಂಡಿಯಲ್ಲಿ ಹತ್ತಿ ಹೇರಿಕೊಂಡು ಬರುತ್ತಿದ್ದವನ ಮನೆಯವರೂ ಇದೇ ದಾರಿಯಲ್ಲಿ ಎಂಟ್ವಿಸಲ್ ಆದರು. ಮಾಧವರಂನಲ್ಲಿ ಇನ್ನೊಂದು ಮನೆಯಿದೆ. ಆ ಮನೆಯವನೊಬ್ಬ ತುಂಗಭದ್ರೆ ದಾಟಿ ರಾಯಚೂರು ಕಡೆ ನೆಲೆಸಿದ. ಅಲ್ಲಿಯವರು ಅವನನ್ನು ಮಾಧವರಂದವನು ಎಂದೇ ಕರೆದು ದೊರೆಯನ್ನು ಕೈಬಿಟ್ಟರು. ಹಾಗಾಗಿ ನಮ್ಮ ಕಡೆ ಈ ಹೆಸರು ಆದೋನಿಯಲ್ಲಿ ಹುಟ್ಟಿ ಹೊಳೆಯ ದಂಡೆಗೆ ಬಂದು ನಿಲ್ಲುತ್ತದೆ. ಮುಂದೆ ಕಾಣಿಸುವುದು ಸೀದಾ ಇಂಗ್ಲೆಂಡಿನಲ್ಲಿ.

ಇಂಗ್ಲೆಂಡಿನದನ್ನು ಕಂಡುಹಿಡಿದವಳು ಅಕ್ಕನ ಮಗಳು ಗಿರಿಜಾ. ಕಾಲೇಜಿನಲ್ಲಿದ್ದಾಗ ಫೋನಿನಲ್ಲಿ ಏನೋ ಹುಡುಕುತ್ತ ಹೆಸರುಗಳ ಒಂದು ನಕ್ಷೆ ತೆಗೆದಳು. ಎಂಟ್ವಿಸಲ್ ಅಲ್ಲಿಯೂ ಅಪರೂಪದ ಹೆಸರೇ. ಲ್ಯಾಂಕಶೈರ್ ಎಂಬ ಸೀಮೆಯಲ್ಲಿ ಒತ್ತಾಗಿ ಚುಕ್ಕಿಗಳಿದ್ದವು, ಉಳಿದ ಕಡೆ ಅಲ್ಲೊಂದು ಇಲ್ಲೊಂದು. ಆ ಸೀಮೆಯ ಒಂದು ಪುಟ್ಟ ಹಳ್ಳಿಯ ಹೆಸರೇ ಅಲ್ಲಿಯ ಜನರಿಗೆ ಅಂಟಿಕೊಂಡದ್ದಂತೆ. ಎರಡು ಹಳ್ಳ ಕೂಡುವ, ನೀರುಹಕ್ಕಿಗಳು ಬರುವ ಜಾಗ ಎಂಬ ಅರ್ಥವಂತೆ. ಸುತ್ತಲೂ ಹತ್ತಿ ಗಿರಣಿಗಳಿದ್ದ ನಾಡು. ನಮ್ಮ ಎರೆಹೊಲದ ಹತ್ತಿ ಅತ್ತ ಹೋಯಿತು, ಅತ್ತಲಿನ ಹೆಸರು ಇತ್ತ ಬಂತು. ಈ ವ್ಯಾಪಾರದಲ್ಲಿ ಯಾರಿಗೆ ಲಾಭವಾಯಿತೋ ನನಗೆ ತಿಳಿಯದು.

ಭಾವ ಆ ನಕ್ಷೆಯನ್ನು ಬೇರೆಯವರು ಕಾಶಿಯ ಪಟ ನೋಡುವ ಹಾಗೆ ನೋಡಿದರು. ಬೆರಳಿನಿಂದ ದೊಡ್ಡದು ಮಾಡಿ, ಚಿಕ್ಕದು ಮಾಡಿ, ಕೊನೆಗೆ ಮುಖ ಸಣ್ಣಗೆ ಮಾಡಿಕೊಂಡರು.

“ಆದೋನಿ ಯಾಕ ಹಾಕಿಲ್ಲ ಇವರು?”

ಅದು ಇಂಗ್ಲೆಂಡಿನ ನಕ್ಷೆ ಎಂದು ಗಿರಿಜಾ ನಕ್ಕಳು.

“ಇರ್ಲೇಳು. ಒಂದ್ ಚುಕ್ಕಿ ಇಟ್ಟಿದ್ರ ಅವರಪ್ಪನ ಗಂಟೇನು ಹೋಗ್ತಿತ್ತು?” ಎಂದರು ಭಾವ. ಆ ದಿನ ನಾನು ನಕ್ಕದ್ದಕ್ಕೆ ಲೆಕ್ಕವಿಲ್ಲ.

ಓದು ಮುಗಿಸಿ ಗಿರಿಜಾ ಎಮ್ಮಿಗನೂರಿನ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿಯ ದನದ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ವೀರೇಶ ಅವಳಿಗೆ ಹಿಡಿಸಿದ. ಮೊದಲು ನನಗೆ ಹೇಳಿದಳು. ಸೋದರಮಾವಂದಿರು ಇರುವುದೇ ಇಂಥದಕ್ಕೆ. ಹುಡುಗ ಸಾಧು, ನಮ್ಮವನೇ, ಲಿಂಗಧಾರಿ, ಹೊಲಮನೆ ಉಂಟು. ನಾನು ಹಿಗ್ಗಿ ಹುಡುಗನ ಇಂಟಿಪೇರು ಕೇಳಿದೆ. ಅವಳು ತಲೆ ತಗ್ಗಿಸಿದಳು. ಗೋನೆಗಂಡ್ಲದ ಎಂಟ್ವಿಸಲ್ ಮನೆಯವನು.

ನಿಮ್ಮ ಕಡೆಯ ಪದ್ಧತಿ ಗೊತ್ತಿಲ್ಲ. ನಮ್ಮಲ್ಲಿ ಒಂದೇ ಇಂಟಿಪೇರಿನವರೆಂದರೆ ಅಣ್ಣತಮ್ಮಂದಿರು. ಅವರ ಮಕ್ಕಳು ಅಣ್ಣತಂಗಿಯರು. ಅಲ್ಲಿ ಹೆಣ್ಣು ತರುವುದಿಲ್ಲ, ಕೊಡುವುದಿಲ್ಲ. ನಾನು ಭಾವನ ಮುಂದೆ ಕೂತು ತೂಗುವವನು ಬೇರೆ, ಬಂಡಿ ಹೊಡೆಯುವವನು ಬೇರೆ, ಹೆಸರು ಮೂರನೆಯವನದು, ಅವನಿಗೋ ಮಕ್ಕಳೇ ಇರಲಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಭಾವ ಎಲ್ಲ ಕೇಳಿದರು.

“ನೀ ಹೇಳೋದು ಖರೇನೇ ಐತಿ. ಆದ್ರ ಆ ಹುಡುಗನ ಅಜ್ಜ ಲಿಂಗೈಕ್ಯ ಆದಾಗ, ಅಣ್ಣತಮ್ಮರು ಬರ್ರಿ ಅಂದ್ರು, ನಾ ಹೋಗಿ ಹೆಗಲು ಕೊಟ್ಟೀನಿ. ಹೆಗಲು ಕೊಟ್ಟ ಮನಿಗೆ ಹೆಣ್ಣು ಹೆಂಗ ಕೊಡ್ಲಿ?”

ಸುಳ್ಳು ಹೆಸರಿನ ಸುತ್ತ ಇವರು ನಿಜವಾದ ಸಂಬಂಧ ಕಟ್ಟಿಕೊಂಡು ಕೂತಿದ್ದರು.

ಇಬ್ಬರಲ್ಲಿ ಒಬ್ಬರು ಹೆಸರು ಬಿಟ್ಟರೆ ತೊಡಕು ಬಿಡಿಸಬಹುದೆಂದು ಗೋನೆಗಂಡ್ಲಕ್ಕೆ ಹೋದೆ. ಹುಡುಗನ ತಂದೆ ಈರಣ್ಣ ಮಿರ್ಚಿ ಭಜಿ ತರಿಸಿ ಉಪಚಾರ ಮಾಡಿದರು. ಸಂಬಂಧ ಅವರಿಗೆ ಒಪ್ಪಿಗೆಯಿತ್ತು. ಹೆಸರಿನ ಮಾತು ಎತ್ತುತ್ತಲೇ ಭಜಿಯ ತಟ್ಟೆ ಅತ್ತ ಸರಿಸಿದರು. “ಅದಿ ಕುದರದು ಸಾರ್, ಆಗಂಗಿಲ್ಲ. ದೊರಿ ನಮ್ಮ ಮುತ್ತಜ್ಜನ ಬಂಡ್ಯಾಗ ಕುಂತು ತಿರಿಗ್ಯಾನ. ಬಿಡಾದಿದ್ರ ಅವರು ಬಿಡ್ಲಿ.” ಇದನ್ನು ಬಂದು ಭಾವನಿಗೆ ಹೇಳಿದರೆ, ದೊರೆ ನಂಬಿದ್ದು ತಮ್ಮ ಮುತ್ತಜ್ಜನ ತಕ್ಕಡಿಯನ್ನು, ಬಂಡಿಯಲ್ಲಿ ಯಾರು ಬೇಕಾದರೂ ಕೂಡುತ್ತಾರೆ ಎಂದರು. ಮಕ್ಕಳಿಲ್ಲದವನ ಆಸ್ತಿಗೆ ಇಬ್ಬರು ವಾರಸುದಾರರು. ಆಸ್ತಿಯೆಂದರೆ ಒಂದು ಹೆಸರು. ಅದನ್ನೂ ಅವನು ಜೊತೆಗೇ ಒಯ್ದಿದ್ದ.

ಗಿರಿಜಾ ಅಳಲಿಲ್ಲ, ಊಟ ಬಿಡಲಿಲ್ಲ. ಅಪ್ಪನ ಮುಂದೆ ನಿಂತು ಒಂದೇ ಮಾತು ಹೇಳಿದಳು. “ನಾ ಓಡಿಹೋಗಿ ಮದಿವಿ ಆಗಾಕಿ ಅಲ್ಲಪ. ನೀನಾ ನಿನ್ನ ಕೈಯಾರ ಧಾರಿ ಎರದು ಕೊಡಬೇಕು. ಅಲ್ಲೀತನ ಕುಂತಿರ್ತೀನಿ.” ಹಾಗೆ ಎರಡು ವರ್ಷ ಕೂತಳು. ಬಂದ ಗಂಡುಗಳನ್ನೆಲ್ಲ ಚಹಾ ಕೊಟ್ಟು ಕಳಿಸಿದಳು.

ಕೊನೆಗೆ ದಾರಿ ತೋರಿಸಿದವರು ಮಠದ ಅಯ್ಯನವರು. ಕೋರ್ಟು ಕಾಗದ ಏನೂ ಬೇಡ, ಶಾಸ್ತ್ರದ ಪ್ರಕಾರ ಹುಡುಗಿಯನ್ನು ಸೋದರಮಾವನಿಗೆ ದತ್ತು ಕೊಟ್ಟುಬಿಡಿ, ಅವಳು ಗಾಣದ ಮನೆಯ ಮಗಳಾಗುತ್ತಾಳೆ, ಅವನು ಧಾರೆ ಎರೆಯಲಿ, ಯಾವ ದೋಷವೂ ಇಲ್ಲ ಎಂದರು. ಭಾವನ ಮುಖ ಅರಳಿತು. ಹೆಸರೂ ಉಳಿಯುತ್ತದೆ, ಮದುವೆಯೂ ಆಗುತ್ತದೆ. ಗಿರಿಜಾ ಮಾತ್ರ, “ಹಂಗಾರ ನೀ ಎರಿಯಂಗಿಲ್ಲಾ?” ಎಂದಳು. ಮಾಮ ಎರಿತಾನಲ್ಲ, ಹೊರಗಿನವನೇನು ಎಂದರು ಭಾವ. ಅವಳು “ಆತು” ಎಂದಳು. ಆ ‘ಆತು’ ನಮಗೆ ಒಪ್ಪಿಗೆಯ ಹಾಗೆ ಕೇಳಿಸಿತು.

ದತ್ತು ಶಾಸ್ತ್ರವನ್ನು ಮದುವೆಯ ದಿನವೇ ನಸುಕಿನಲ್ಲಿ ಇಟ್ಟುಕೊಂಡೆವು. ಅದರಲ್ಲಿ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬಾಯಿಗೆ ಸಕ್ಕರೆ ಹಾಕಬೇಕು. ನನ್ನ ಮೊಣಕಾಲು ನೋವಿನದು. ಬ್ಯಾಂಕಿನ ಆಫೀಸರಮ್ಮ ತೊಡೆಯ ಅಂಚಿಗೆ ತಾಗಿದಂತೆ ಮಾಡಿ, ಸಕ್ಕರೆ ತಿಂದು ಎದ್ದಳು. ಎಲ್ಲರೂ ನಕ್ಕರು, ಭಾವನೂ ನಕ್ಕರು. ನಾನೂ ನಗುತ್ತಿದ್ದೆ. ಅವಳು ಎದ್ದ ಮೇಲೆ ತೊಡೆ ಖಾಲಿಯಾದದ್ದು ತಿಳಿಯಿತು, ಆಮೇಲೆ ನಗಲಾಗಲಿಲ್ಲ.

ಮುಹೂರ್ತದ ಹೊತ್ತಿಗೆ ಅಯ್ಯನವರು ಹಂದರದ ಕೆಳಗಿಂದ, ಹೆಣ್ಣಿನ ತಂದೆ ಬರಬೇಕು ಎಂದು ಕೂಗಿದರು. ಅಡುಗೆಯವರ ಹತ್ತಿರ ನಿಂತಿದ್ದ ಭಾವ ಹೆಗಲ ಮೇಲಿನ ಟವೆಲ್ ಸೊಂಟಕ್ಕೆ ಸುತ್ತಿಕೊಂಡು ಅವಸರದಿಂದ ಬಂದರು. ಹಸೆಯವರೆಗೂ ಬಂದರು. ಅಷ್ಟರಲ್ಲಿ ರೇಷ್ಮೆ ಪಂಚೆ ಉಟ್ಟು ಎದ್ದು ನಿಂತ ನನ್ನನ್ನು ಕಂಡರು. ಇಬ್ಬರೂ ಎದುರುಬದುರು. ಭಾವ ಟವೆಲ್ ಬಿಚ್ಚಿ ಮತ್ತೆ ಹೆಗಲಿಗೆ ಹಾಕಿಕೊಂಡು, ಹಿಂದೆ ಸರಿದು ಕಂಬದ ಹತ್ತಿರ ನಿಂತರು. ನಾನು ನೀರು ಎರೆಯುವಾಗ ಗಿರಿಜಾಳ ಕಣ್ಣು ಆ ಕಂಬದ ಕಡೆಗಿತ್ತು. ಅಕ್ಕ ಅಳುತ್ತಿದ್ದಳು. ನನಗೆ ಸಂಕಟವಾಯಿತು. ಸಂಕಟದ ಒಳಗೆ ಒಂದು ಹಿಗ್ಗೂ ಇತ್ತು, ಅದನ್ನು ನಿಮಗಷ್ಟೇ ಹೇಳುತ್ತಿದ್ದೇನೆ.

ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಗಿರಿಜಾ ಗಂಡನ ಮನೆತನಕ್ಕೆ ಸೇರಿ ತಿರುಗಿ ಎಂಟ್ವಿಸಲ್ ಆದಳು. ಗಾಣದ ಮನೆಯವಳಾಗಿ ಅರ್ಧ ದಿನವೂ ಇರಲಿಲ್ಲ. ಹೋಗುವಾಗ ನನ್ನ ಕಾಲಿಗೆ ಬಿದ್ದು, “ಬರ್ತೀನಪ” ಎಂದಳು. ಭಾವನ ಕಾಲಿಗೂ ಬಿದ್ದು, “ಬರ್ತೀನಿ ಮಾಮ” ಎಂದಳು. ಲೆಕ್ಕ ಸರಿಯೇ. ನಾನು ತಂದೆಯಾದರೆ ನನ್ನ ಅಕ್ಕ ಅತ್ತೆ, ಅಕ್ಕನ ಗಂಡ ಮಾಮ. ಮೊದಲ ಸಲ ಭಾವ ನಕ್ಕರು. ಆಮೇಲೆ ಫೋನಿನಲ್ಲೂ ಅವಳು ಹಾಗೇ ಕರೆಯತೊಡಗಿದಾಗ ನಗು ನಿಂತಿತು. ನನಗೆ ಮಾತ್ರ ‘ಅಪ್ಪ’ ಎನ್ನಿಸಿಕೊಳ್ಳುವ ಚಟ ಹತ್ತಿತು. ನನ್ನ ಗಂಡುಮಕ್ಕಳು ಕರೆಯುವುದು ದುಡ್ಡು ಬೇಕಾದಾಗ.

ಇದು ಅವಳ ಮೊದಲ ಪಂಚಮಿ. ಅಕ್ಕ ಗೋನೆಗಂಡ್ಲಕ್ಕೆ ಕರೆಕಳಿಸಿದಳು. ಧಾರೆ ಎರೆದವರ ಮನೆಯೇ ತನ್ನ ತವರು ಎಂದು ಹೇಳಿ ಗಿರಿಜಾ ನಿನ್ನೆ ಸಂಜೆ ಸೀದಾ ನಮ್ಮ ಮನೆಗೆ ಬಂದಿಳಿದಳು. ಅದಕ್ಕೇ ಈ ಎಳ್ಳಿನ ವಾಸನೆ.

ಇಷ್ಟು ಬರೆಯುವ ಹೊತ್ತಿಗೆ ಗೇಟಿನ ಸದ್ದಾಯಿತು. ನೋಡಿದರೆ ಭಾವ, ಕೈಯಲ್ಲಿ ಸ್ಟೀಲ್ ಡಬ್ಬಿ. ಈ ಮನೆಯ ಅಳಿಯನಾಗಿ ಇಷ್ಟು ವರ್ಷ ಕೇಳದೆ ಒಳಗೆ ನುಗ್ಗುತ್ತಿದ್ದವರು ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ನಿಂತರು. ಯಾವತ್ತೂ ನನ್ನನ್ನು ಏಕವಚನ ಬಿಟ್ಟು ಕರೆದವರಲ್ಲ.

“ಅವರವ್ವ ಉಂಡಿ ಕಟ್ಟಿಕೆಂಡು ಕುಂತಾಳ. ಒಂದ್ ದಿನದ ಮಟ್ಟಿಗೆ ಕರಕಂಡು ಹೋಗ್ಲೇನ್ರಿ?”

ಕರೆದುಕೊಂಡು ಹೋಗಿ ಎನ್ನಬೇಕಿತ್ತು. ಅಷ್ಟು ವರ್ಷ ಅವರ ಹೆಸರಿಗೆ ನಕ್ಕ ನಾನು ಎನ್ನಲೇಬೇಕಿತ್ತು. “ಹಬ್ಬ ಮುಗೀಲಿ ಭಾವ, ಆಮ್ಯಾಲ ನಾನಾ ಕಳಸ್ತೀನಿ” ಎಂದುಬಿಟ್ಟೆ. ಗೋನೆಗಂಡ್ಲದ ಈರಣ್ಣ ಭಜಿಯ ತಟ್ಟೆ ಸರಿಸಿದ್ದು ಹೀಗೆಯೇ ಇರಬೇಕು. ಭಾವ ವಾದಿಸಲಿಲ್ಲ. “ಆತ್ರಿ” ಎಂದು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಚಪ್ಪಲಿ ಹುಡುಕತೊಡಗಿದರು.

ಗಿರಿಜಾ ಹಿತ್ತಲಿನಿಂದ ಬಂದಿದ್ದಳು. ಯಾವಾಗಿನಿಂದ ಬಾಗಿಲಲ್ಲಿ ನಿಂತಿದ್ದಳೋ. ಬಂದು ಅವರ ಕೈ ಹಿಡಿದು ಕುರ್ಚಿಯ ಮೇಲೆ ಕೂಡಿಸಿದಳು.

“ಬಿಸಲಾಗ ಬಂದೀಯಲ್ಲಪ, ಕುಂದ್ರು,” ಎಂದು ನನ್ನ ಕಡೆ ತಿರುಗಿ, “ಮಾಮ, ಅಪ್ಪಗ ಒಂದ್ ಚಂಬು ನೀರು ತಗಂಬಾ” ಎಂದಳು.

ನಾನು ಚೊಂಬು ಹಿಡಿದು ಒಳಗೆ ಹೋದೆ. ಕೊಡ ಎದುರಿಗೇ ಇತ್ತು. ಆದರೂ ನೀರು ತುಂಬಿಕೊಂಡು ಹೊರಗೆ ಬರಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.