ಒಂದು ಇಟ್ಟಿಗೆಯಷ್ಟು ಎತ್ತರ

ಹರ್ಷಾ, ಚಂದ್ರಿಕಾ, ದನದ ಕೊಟ್ಟಿಗೆಯಲ್ಲಿ ಇಟ್ಟಿಗೆ ಜೋಡಿಸಿದ್ದು ಯಾಕೆಂದು ನೀವು ಕೇಳಿದಾಗ ನಾನು ಹೇಳಿದ್ದು ಸುಳ್ಳು. ಒಬ್ಬರಿಗೆ ನೀರೊಲೆ ಕಟ್ಟುತ್ತೇನೆ ಎಂದೆ, ಇನ್ನೊಬ್ಬರಿಗೆ ಕೋಳಿಗೂಡಿಗೆ ಎಂದೆ. ನಮ್ಮ ಮನೆಯಲ್ಲಿ ಕೋಳಿಯೇ ಇಲ್ಲ ಎಂಬುದು ಆಮೇಲೆ ನೆನಪಾಯಿತು. ಅಭ್ಯಾಸವಿಲ್ಲದವರು ಸುಳ್ಳು ಹೇಳಬಾರದು. ಬಾಯಲ್ಲಿ ಹೇಳಲು ನಾಚಿಕೆಯಾದದ್ದನ್ನು ಬರೆದಾದರೂ ಹೇಳೋಣ ಎಂದು ಈ ಹಾಳೆಗಳನ್ನು ತೆಗೆದಿದ್ದೇನೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳ ಬರವಣಿಗೆ ಇದು. ತಪ್ಪಿದ್ದ ಕಡೆ ಚಂದ್ರಿಕಾ ತಿದ್ದಲಿ, ಹರ್ಷ ನಗಲಿ.

ವಿಷಯ ನಮ್ಮ ಜೀಪಿನದು. ಅದನ್ನು ನಿಮ್ಮ ತಾತ ಯಾರೋ ಓಡಿಸಿ ಬಿಟ್ಟದ್ದನ್ನು ಕೊಂಡು ತಂದರು. ಮಾವಿನಕಾಯಿಯನ್ನು ತೋಟದಿಂದ ಶ್ರೀನಿವಾಸಪುರದ ಮಂಡಿಗೆ ಸಾಗಿಸಲು ಎಂದು ಊರಿಗೆಲ್ಲ ಹೇಳಿದರು. ತಂದ ದಿನ ಬೀದಿಯಲ್ಲಿ ನಿಲ್ಲಿಸಿ, "ಹತ್ತು, ತೋಟಕ್ಕೆ ಹೋಗಿಬರೋಣ" ಎಂದರು. ನಾನು ನೋಡಿದೆ. ಅದರ ನೆಲಗಟ್ಟು ನನ್ನ ತೊಡೆಯ ಹತ್ತಿರವಿತ್ತು. ಎದುರು ಮನೆಯವರೂ ಪಕ್ಕದ ಮನೆಯವರೂ ಜಗಲಿಗೆ ಬಂದು ನಿಂತಿದ್ದರು. ಅಷ್ಟು ಜನರ ಮುಂದೆ ಸೀರೆ ಎತ್ತಿ ಹಿಡಿದು ಕಾಲು ಚಾಚುವುದೆಂದರೆ ಏನು ಅನ್ನುವುದು ನಿನಗೆ ಗೊತ್ತಾಗುವುದಿಲ್ಲ ಚಂದ್ರಿಕಾ, ನೀನು ಪ್ಯಾಂಟು ಹಾಕುವವಳು. "ನಾನು ನಡ್ಕೊಂಡೇ ಬರ್ತೀನಿ" ಎಂದುಬಿಟ್ಟೆ. ನಾನು ಮುಂದೆ ಮುಂದೆ ನಡೆದೆ, ಅವರು ಹಿಂದೆ ಹಿಂದೆ ಮೊದಲನೇ ಗೇರಿನಲ್ಲಿ ಜೀಪು ಓಡಿಸಿಕೊಂಡು ಬಂದರು. ದೇವರ ಮುಂದೆ ಓಲಗದವರು ನಡೆದ ಹಾಗೆ ಇತ್ತು ಎಂದು ಊರವರು ಬಹಳ ದಿನ ಆಡಿಕೊಂಡರು.

ಒಂದು ವಾರಕ್ಕೆ ಜೀಪಿನ ಪಕ್ಕದಲ್ಲಿ ಒಂದು ಕಬ್ಬಿಣದ ಮೆಟ್ಟಿಲು ಬೆಸುಗೆಯಾಗಿ ಬಂತು. "ಮೂಟೆ ಹತ್ತಿಸೋಕೆ ಅನುಕೂಲ" ಎಂದರು ನಿಮ್ಮ ತಾತ. ಮೂಟೆಗಳನ್ನು ಹಿಂದಿನ ಬಾಗಿಲಿಂದ ಹತ್ತಿಸುತ್ತಾರೆ, ಪಕ್ಕದಿಂದ ಅಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾವಿಬ್ಬರೂ ಆ ಮಾತು ಎತ್ತಲಿಲ್ಲ.

ಈಗ ಅವರು ತೋಟದಲ್ಲೇ, ತಾವೇ ನೆಟ್ಟ ಬಾದಾಮಿ ಮಾವಿನ ಗಿಡದ ಕೆಳಗೆ ಮಲಗಿದ್ದಾರೆ. ಅಮಾವಾಸ್ಯೆಗೊಂದು ಸಲ ನಾನು ಹೋಗಿ ಸಮಾಧಿಯ ಹತ್ತಿರ ದೀಪ ಹಚ್ಚಿ, ಸ್ವಲ್ಪ ಹೊತ್ತು ಕೂತು ಬರುತ್ತೇನೆ. ನಾನು ಹೋಗುವುದೆಂದು ಇದ್ದದ್ದು ಅದೊಂದೇ ಜಾಗ. ಆ ದಾರಿಯನ್ನೇ ಎರಡು ಮಳೆಗಾಲ ಕೊರೆದು ಹಾಕಿತು. ಗುಡ್ಡದ ಬುಡದಲ್ಲಿ ಕೊರಕಲು ಬಿದ್ದು, ನಡುವೆ ಒಂದು ಬಂಡೆ ತಲೆ ಎತ್ತಿತು. ಮಣ್ಣು ತುಂಬಿಸಿದೆವು; ಮುಂದಿನ ಮಳೆ ಕೊಚ್ಚಿಕೊಂಡು ಹೋಯಿತು. ಬಂಡೆ ಒಡೆಸೋಣವೆಂದರೆ ಅದು ಮೂರು ತೋಟದವರ ದಾರಿ. ಆ ಮೂವರೂ ಒಂದು ಮಾತಿಗೆ ಒಪ್ಪಿದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ಕಂಡಿಲ್ಲ.

ಜೀಪಿನ ಹೊಟ್ಟೆ ಬಂಡೆಗೆ ಉಜ್ಜಿ ಕರ್ರೆಂದಾಗಲೆಲ್ಲ ನಿಮ್ಮಪ್ಪ ದವಡೆ ಹಲ್ಲು ಕೀಳಿಸಿಕೊಂಡವನ ಹಾಗೆ ಮುಖ ಮಾಡುತ್ತಿದ್ದ. ಒಂದು ದಿನ ತಾತನ ಮೆಟ್ಟಿಲೂ ತಗುಲಿ ಬಾಗಿತು. ಎರಡು ಅಮಾವಾಸ್ಯೆ ನಾವು ಕೊರಕಲಿನ ಈಚೆಯಿಂದಲೇ ವಾಪಸು ಬಂದೆವು. ಕೊರಕಲನ್ನು ಇಳಿದು ಹತ್ತಲು ನನ್ನ ಮೊಣಕಾಲು ಒಪ್ಪಲಿಲ್ಲ. ದೀಪವನ್ನು ಈಚೆ ದಡದಲ್ಲೇ ಹಚ್ಚಿಟ್ಟು, ಬಂದು ನೋಡಿಕೊಳ್ಳಿ ಎಂದು ಮನಸ್ಸಿನಲ್ಲೇ ಕರೆದೆ. ಬದುಕಿದ್ದಾಗಲೂ ಅವರು ಕರೆದ ಕೂಡಲೆ ಬಂದವರಲ್ಲ.

ಹಾಗಾಗಿ ಜೀಪನ್ನೇ ಎತ್ತರಿಸುವುದೆಂದು ನೀವು ತೀರ್ಮಾನ ಮಾಡಿದಿರಿ. ಹರ್ಷ ಫೋನಿನಲ್ಲಿ ತೋರಿಸಿದ ಜೀಪುಗಳನ್ನು ನಾನೂ ನೋಡಿದೆ. ಗಾಲಿ ಆಳೆತ್ತರ; ಮೇಲೆ ಕೂತವರು ಅಟ್ಟದ ಮೇಲಿಂದ ಇಣುಕುವ ಹಾಗೆ ಕಾಣುತ್ತಿದ್ದರು. "ನಾಲ್ಕು ಇಂಚು ಲಿಫ್ಟು, ಮೂವತ್ಮೂರು ಇಂಚಿನ ಟೈರು. ಬಂಡೆ ಗಿಂಡೆ ಎಲ್ಲಾ ಲೆಕ್ಕಕ್ಕೇ ಇಲ್ಲ ಅಜ್ಜಿ" ಎಂದ. ನಮ್ಮ ಜೀಪಿನ ಟೈರು ನಿಲ್ಲಿಸಿ ಅಳೆದರೆ ಇಪ್ಪತ್ತೆಂಟು ಇಂಚು. ಅವನ ಕಣ್ಣು ಹೊಳೆಯುವುದನ್ನು ನೋಡಿ ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಎತ್ತರದ ಆಸೆ ನನಗೂ ಗೊತ್ತು. ಶಾಲೆಯಲ್ಲಿ ನಾನು ಎಲ್ಲರಿಗಿಂತ ಗಿಡ್ಡಿ. ಸಾಲಿನಲ್ಲಿ ಯಾವಾಗಲೂ ಮೊದಲನೆಯವಳು ನಾನೇ ಆಗಬೇಕಲ್ಲ ಎಂದು ಒಂದು ದಿನ ಚಪ್ಪಲಿಯ ಮೇಲೆ ರಟ್ಟು ಕಟ್ಟಿಕೊಂಡು ಹೋಗಿದ್ದೆ. ಪ್ರಾರ್ಥನೆ ಮುಗಿಯುವುದರೊಳಗೆ ರಟ್ಟು ಜಾರಿ, ಎರಡನೆಯವಳ ಮೇಲೆ ಬಿದ್ದೆ. ಮೇಷ್ಟ್ರು ಬೈಯಲಿಲ್ಲ, ನಕ್ಕರು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಮುಳಬಾಗಿಲಿನ ಗ್ಯಾರೇಜಿಗೆ ನಾವೆಲ್ಲ ಹೋದೆವಲ್ಲ, ನೆನಪಿದೆಯೆ? ಮೇಸ್ತ್ರಿ ಗೌಸ್ ಸಾಬರು ಹರ್ಷನ ಇಂಚಿನ ಲೆಕ್ಕವನ್ನೆಲ್ಲ ಕೇಳಿ, ಕೈ ಒರೆಸಿಕೊಳ್ಳುತ್ತ ಒಂದೇ ಮಾತು ಕೇಳಿದರು.

"ಎಷ್ಟು ಎತ್ತಬೇಕು ಅನ್ನೋದು ಆಮೇಲೆ ಹೇಳಪ್ಪ. ಯಾರ್ಯಾರು ಹತ್ತೋರು, ಅದು ಮೊದ್ಲು ಹೇಳು."

"ನಾನು, ಅಪ್ಪ, ಚಂದ್ರಿ. ಮಾವಿನ ಟೈಮಲ್ಲಿ ಕ್ರೇಟು" ಎಂದ ಹರ್ಷ.

ಸಾಬರು ಬೆಂಚಿನ ತುದಿಯಲ್ಲಿ ಮುದುರಿ ಕೂತಿದ್ದ ನನ್ನ ಕಡೆ ತಿರುಗಿದರು. "ಅಮ್ಮಾ, ಮೀರು ಎಕ್ಕರಾ? ನೀವು ಹತ್ತಲ್ವಾ?"

"ನಂದೇನಪ್ಪಾ, ನಾನೆಲ್ಲಿಗೆ ಹೋಗ್ತೀನಿ? ಮನೇಲೇ ಇರ್ತೀನಿ" ಎಂದೆ. ಅಷ್ಟು ದೂರ ಅದೇ ಜೀಪಿನಲ್ಲಿ ಕೂತು ಬಂದವಳು!

ಇದು ನಮ್ಮ ಕಾಲದವರ ರೋಗ ಕಣ್ರೋ. ಯಾರ ಮನೆಗೆ ಹೋದರೂ ಊಟ ಮಾಡು ಎಂದರೆ "ನಂದು ಊಟ ಆಯ್ತು" ಅನ್ನಬೇಕು. ಇನ್ನೊಂದು ಸಲ ಕೇಳಿದರೆ "ಹಸಿವಿಲ್ಲ" ಅನ್ನಬೇಕು. ಮೂರನೇ ಸಲ ಕೇಳಿದರೆ ಮಾತ್ರ, ಅವರ ಮಾತು ಮೀರಬಾರದು ಎನ್ನುವ ಹಾಗೆ, ಎಲೆಯ ಮುಂದೆ ಕೂರಬೇಕು. ಕೇಳುವವರಿಗೂ ಇದು ಗೊತ್ತಿರುತ್ತದೆ, ಅವರು ಮೂರು ಸಲ ಕೇಳುತ್ತಾರೆ. ಇದರಲ್ಲಿ ಯಾರೂ ಹಸಿದುಕೊಂಡು ಹೋದದ್ದಿಲ್ಲ. ಆದರೆ ಗ್ಯಾರೇಜಿನಲ್ಲಿ ಒಂದೇ ಸಲ ಕೇಳುತ್ತಾರೆ. ನಾನು ಎರಡನೇ ಸಲಕ್ಕೆ ಕಾಯುತ್ತ ಕೂತೆ. ಸಾಬರು ಜೀಪಿನ ಕೆಳಗೆ ನುಗ್ಗಿ ಮಲಗಿದರು.

ಅಲ್ಲಿಂದಲೇ ಹರ್ಷನಿಗೆ ಪಾಠ ಹೇಳಿದರು. ಗಾಲಿಯ ಮೇಲೆ ಬಿಲ್ಲಿನ ಹಾಗೆ ಬಾಗಿರುವ ಉಕ್ಕಿನ ಪಟ್ಟಾಗಳನ್ನು ಎತ್ತರಿಸಿದರೆ ಮೇಲಿನ ಬಾಡಿ ಮಾತ್ರ ಏಳುತ್ತದಂತೆ. ಎರಡು ಗಾಲಿಗಳ ನಡುವಿನ ಅಚ್ಚು, ಅದರ ಮಧ್ಯೆ ಕುಂಬಳಕಾಯಿಯ ಹಾಗಿರುವ ಗುಂಡು, ಅದು ಇದ್ದಲ್ಲೇ ಇರುತ್ತದಂತೆ. ಅದು ಏಳಬೇಕಾದರೆ ಟೈರೇ ದೊಡ್ಡದಾಗಬೇಕು. ಟೈರು ತೀರ ದೊಡ್ಡದಾದರೆ ಇಂಜಿನ್ನು ಏದುಸಿರು ಬಿಡುತ್ತದೆ. ಗಾಡಿ ತೀರ ಎತ್ತರವಾದರೆ ಕ್ರೇಟು ತುಂಬಿದಾಗ ತಿರುವಿನಲ್ಲಿ ವಾಲುತ್ತದೆ. "ಎಫ್‌ಸಿಗೆ ಆರ್‌ಟಿಓ ಹತ್ರ ಹೋದಾಗ ಬೇರೆ ತಲೆನೋವು. ಹದಿನೈದು ದಿನ ಟೈಮ್ ತಗೊಳ್ಳಿ, ಯೋಚನೆ ಮಾಡ್ಕೊಂಡು ಬನ್ನಿ" ಎಂದು ಕಳಿಸಿದರು.

ನಾನು ಯೋಚನೆ ಮಾಡಿದ್ದು ಕೊಟ್ಟಿಗೆಯಲ್ಲಿ. ಕೋಣೆ ಕಟ್ಟಿಸಿ ಉಳಿದಿದ್ದ ಮಾಲೂರು ಇಟ್ಟಿಗೆ ಅಲ್ಲಿ ರಾಶಿ ಬಿದ್ದಿತ್ತು. ಒಂದು ತೆಂಗಿನ ಗರಿಯ ಕಡ್ಡಿಯಿಂದ ಜೀಪಿನ ಮೆಟ್ಟಿಲ ಎತ್ತರ ಅಳೆದೆ. ಸರಿಯಾಗಿ ಐದು ಇಟ್ಟಿಗೆ. ಬೆಳಿಗ್ಗೆ ನೀವೆಲ್ಲ ಏಳುವ ಮೊದಲು ಐದು ಜೋಡಿಸಿ, ಕಂಬ ಹಿಡಿದು ಹತ್ತಿದೆ. ಹಳೆಯ ಎತ್ತರ, ಸಲೀಸು. ಆರನೆಯದು ಇಟ್ಟು ಹತ್ತಿದೆ. ಮೊಣಕಾಲು ಬೈದುಕೊಂಡೇ ಬಂತು, ಆದರೆ ಬಂತು. ಏಳನೆಯದು ಇಟ್ಟಾಗ ಕಾಲು ಮೇಲಿತ್ತು, ಮೈ ಕೆಳಗಿತ್ತು, ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿತು. ನಾಳೆ ಆಗಬಹುದು ಎಂದು ನಾಲ್ಕು ದಿನ ಪ್ರಯತ್ನಿಸಿದೆ. ಆಗಲಿಲ್ಲ. ನನ್ನ ಎತ್ತರದ ಆಸೆ ಒಂದು ಇಟ್ಟಿಗೆಗೆ ನಿಂತಿತು.

ಸ್ಟೂಲು ಇಡಬಹುದಲ್ಲ ಎನ್ನುತ್ತೀರಿ. ಇಡಲು ಒಬ್ಬರು ಇಳಿಯಬೇಕು, ತೆಗೆಯಲು ಒಬ್ಬರು ಕಾಯಬೇಕು, ಹಿಂದೆ ಕೂತವರೆಲ್ಲ ನೋಡಬೇಕು. ತಾತನ ಮೆಟ್ಟಿಲ ಕೆಳಗೆ ಇನ್ನೊಂದು ಮೆಟ್ಟಿಲು ಇಳಿಬಿಟ್ಟರೆ ಅದು ಬಂಡೆಗೆ ತಗುಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮ ತಾತನನ್ನು ನೋಡಲು ಹೋಗುವಾಗ ಯಾರೂ ನನ್ನನ್ನು ಮೂಟೆಯ ಹಾಗೆ ಎತ್ತಿ ಹಾಕಬಾರದು ಎನ್ನುವುದು ನನ್ನ ಹಟ. ನಾಚಿಕೆ ಇರುವವರಿಗೆ ಹಟ ಇರುವುದಿಲ್ಲ ಎಂದು ಯಾರು ಹೇಳಿದರು?

ಐದನೆಯ ದಿನ ಚಂದ್ರಿಕಾ ಕೊಟ್ಟಿಗೆಗೆ ಬಂದೇಬಿಟ್ಟಳು. ನಾನು ಆರು ಇಟ್ಟಿಗೆಗಳ ಮೇಲೆ, ಕಂಬ ತಬ್ಬಿಕೊಂಡು ನಿಂತಿದ್ದೆ.

"ಅಜ್ಜೀ, ಏನ್ ಮಾಡ್ತಿದ್ದೀಯಾ?"

"ನೀರೊಲೆ ಕಟ್ತಾ ಇದೀನಿ ಕಣೇ."

"ಒಲೆ ಮೇಲೆ ನಿಂತ್ಕೊಂಡಾ?" ಅವಳು ಇಟ್ಟಿಗೆ ಎಣಿಸಿದಳು, ಬಾಗಿಲಾಚೆ ನಿಂತಿದ್ದ ಜೀಪು ನೋಡಿದಳು. "ನೀನೂ ಜೀಪಲ್ಲಿ ಬರ್ಬೇಕು ಅಲ್ವಾ ಅಜ್ಜಿ? ನಾನು ಹೇಳ್ಲಾ ಅಣ್ಣಂಗೆ?"

"ಏ, ನಂಗ್ಯಾಕೇ ಜೀಪು? ಸುಮ್ನಿರು" ಎಂದೆ. ಕೇಳಿದ್ದು ಅದು ಎರಡನೇ ಸಲ. ನಾನೂ ಪದ್ಧತಿ ತಪ್ಪಲಿಲ್ಲ. ಅವಳು ಅಣ್ಣನಿಗೆ ಹೇಳಲಿಲ್ಲ. ಆದರೆ ಮರುದಿನ ಕೊಟ್ಟಿಗೆಯ ಆ ಮೂಲೆ ಗುಡಿಸಿ ಒಣಗಿಸಿತ್ತು, ಇಟ್ಟಿಗೆಯ ಪಕ್ಕದಲ್ಲಿ ಜಾರದ ಹಾಗೆ ಒಂದು ಗೋಣಿಚೀಲ ಹಾಸಿತ್ತು.

ನನ್ನ ತಂಗಿಯನ್ನು ಶಿವಾರಪಟ್ಟಣಕ್ಕೆ ಕೊಟ್ಟಿದ್ದು ನಿಮಗೆ ಗೊತ್ತಲ್ಲ. ಅವಳ ಮಾವ ಕಲ್ಲಿನ ವಿಗ್ರಹ ಕಡೆಯುತ್ತಿದ್ದರು. ಬಾಣಂತನಕ್ಕೆ ಹೋದಾಗ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಇಂಚುಪಟ್ಟಿ ಪಕ್ಕದಲ್ಲೇ ಬಿದ್ದಿದ್ದರೂ ಅವರು ಮೊದಲು ಸ್ವಾಮಿಯ ಮುಖ ಎಷ್ಟುದ್ದ ಎಂದು ಗುರುತು ಮಾಡಿಕೊಂಡು, ಆಮೇಲೆ ಅಂಥ ಎಷ್ಟು ಮುಖಗಳಿಗೆ ಮೈ, ಎಷ್ಟಕ್ಕೆ ಕಾಲು ಎಂದು ಎಣಿಸುತ್ತಿದ್ದರು. ಸ್ವಾಮಿಗೆ ಸ್ವಾಮಿಯ ಮುಖವೇ ಅಳತೆ. ಹಾಗೆ ಮಾಡಿದರೆ ಮೂರ್ತಿ ಅಂಗೈಯಷ್ಟಿದ್ದರೂ ಗೋಪುರದಷ್ಟಿದ್ದರೂ ಸರಿಯಾಗಿ ಕಾಣುತ್ತದಂತೆ. ಕೊಟ್ಟಿಗೆಯಲ್ಲಿ ನಿಂತಾಗ ನನಗೆ ಅದು ನೆನಪಾಯಿತು. ಜೀಪಿಗೆ ಫೋನಿನ ಜೀಪು ಅಳತೆಯಲ್ಲ, ಅದಕ್ಕೆ ಯಾರದಾದರೂ ಒಂದು ಮೊಣಕಾಲು ಅಳತೆ. ನಮ್ಮ ಮನೆಯಲ್ಲಿ ಅತಿ ಕಡಿಮೆ ಬಗ್ಗುವ ಮೊಣಕಾಲು ನನ್ನದೇ. ಇಷ್ಟು ತಿಳಿದ ಮೇಲೂ ಹೇಳುವ ಧೈರ್ಯ ಬರಲಿಲ್ಲ ಎಂಬುದು ಬೇರೆ ಮಾತು.

ಹದಿನೈದು ದಿನ ಕಳೆದು ಗ್ಯಾರೇಜಿಗೆ ಹೊರಟಾಗ ನಾನೂ ಬರುತ್ತೇನೆ ಎಂದು ಬಟ್ಟೆಯ ಚೀಲ ಹಿಡಿದು ಬಂದೆ. "ಏನಮ್ಮಾ, ಬುತ್ತಿ ಇಷ್ಟೊಂದು ಭಾರ?" ಎಂದ ನಿಮ್ಮಪ್ಪ. ದಾರಿಯುದ್ದಕ್ಕೂ ಚೀಲ ತೊಡೆಯ ಮೇಲಿತ್ತು.

ಹರ್ಷ ಅದೇ ನಾಲ್ಕು ಇಂಚು, ಅದೇ ಮೂವತ್ತಮೂರು ಎಂದ. ಸಾಬರು ಬರೆದುಕೊಳ್ಳಲು ಕಿವಿಯಿಂದ ಪೆನ್ಸಿಲು ತೆಗೆದರು. ನಾನು ಎದ್ದು ಹೋಗಿ ಚೀಲದೊಳಗಿಂದ ಇಟ್ಟಿಗೆ ತೆಗೆದು ಅವರ ಪುಸ್ತಕದ ಮೇಲೆ ಇಟ್ಟೆ. ಗ್ಯಾರೇಜಿನಲ್ಲಿ ಸುತ್ತಿಗೆಯ ಸದ್ದು ನಿಂತಿತು. ಅಜ್ಜಿ ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡರೋ ಏನೋ.

ಸಾಬರು ಇಟ್ಟಿಗೆ ನೋಡಿದರು, ನನ್ನ ಕಾಲು ನೋಡಿದರು. ಮೆಲ್ಲಗೆ ಕೇಳಿದರು: "ಅಮ್ಮಾ, ನೀವೂ ಹತ್ತುತೀರಾ?"

ಅದು ಮೂರನೇ ಸಲ.

"ಹತ್ತುತೀನಿ. ಅಮಾವಾಸ್ಯೆಗೆ ತೋಟಕ್ಕೆ ಹೋಗ್ಬೇಕು. ಇಷ್ಟಾದ್ರೆ ಹತ್ತುತೀನಿ. ಇದರ ಮೇಲೆ ಒಂದು ಬೆರಳು ಜಾಸ್ತಿ ಆದ್ರೂ ನಂಗಾಗಲ್ಲ" ಎಂದೆ. ನನ್ನ ದನಿ ರಸ್ತೆಗೆ ಕೇಳಿಸುವಷ್ಟು ಜೋರಾಗಿ ಬಂದಿತ್ತು. ಕೂಡಲೇ ಹೋಗಿ ಬೆಂಚಿನ ತುದಿಯಲ್ಲಿ ಕೂತೆ.

ಹರ್ಷನ ಮುಖ ನಾನು ನೋಡಲಿಲ್ಲ. ಅವನ ದನಿ ಮಾತ್ರ ಕೇಳಿತು. "ಅಜ್ಜೀ, ನೀನ್ಯಾಕೆ ಮೊದ್ಲೇ ಹೇಳ್ಲಿಲ್ಲ?" ಅದಕ್ಕೆ ಉತ್ತರವೇ ಈ ಹಾಳೆಗಳು, ಕಂದ.

ಸಾಬರು ಇಟ್ಟಿಗೆಯನ್ನು ಮಲಗಿಸಿ ದಪ್ಪ ಅಳೆದು, ಅದರ ಬದಿಗೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದರು. "ಇದು ಮೂರು ಇಂಚು. ಎರಡು ಇಂಚು ಪಟ್ಟಾಗೆ. ಒಂದು ಇಂಚು ಟೈರಿಗೆ. ಮೂವತ್ತು ಇಂಚಿನ ಟೈರು ಹಾಕೋಣ."

"ಇಪ್ಪತ್ತೆಂಟರಿಂದ ಮೂವತ್ತಕ್ಕೆ ಎರಡಾಯ್ತಲ್ಲಪ್ಪಾ?" ಬೆಂಚಿನಿಂದಲೇ ಕೇಳಿದೆ. ಒಂದು ಸಲ ಬಾಯಿ ಬಿಟ್ಟ ಮೇಲೆ ಸುಮ್ಮನಿರುವುದು ಕಷ್ಟ.

"ರೊಟ್ಟಿ ದೊಡ್ಡದು ಮಾಡಿದ್ರೆ ಸುತ್ತಲೂ ಬೆಳೀತದಲ್ವಾ ಅಮ್ಮಾ? ಅಚ್ಚು ಇರೋದು ನಡುವೆ. ಒಂದು ಇಂಚು ಅಚ್ಚಿನ ಕೆಳಗೆ, ಇನ್ನೊಂದು ಮೇಲೆ. ಗಾಡಿ ಏಳೋದು ಕೆಳಗಿನ ಒಂದೇ."

ಎಷ್ಟು ವರ್ಷ ರೊಟ್ಟಿ ತಟ್ಟಿದರೂ ನನಗೆ ಇದು ಹೊಳೆದಿರಲಿಲ್ಲ. ಹರ್ಷನ ಲೆಕ್ಕದಲ್ಲಿ ಹೋಗಿದ್ದರೆ ನಾಲ್ಕರ ಮೇಲೆ ಎರಡೂವರೆ, ಎರಡು ಇಟ್ಟಿಗೆಗೂ ಮೀರಿ ಆಗುತ್ತಿತ್ತು.

"ಒಂದೇ ಇಂಚಿಗೆ ಆ ಗುಂಡು ಬಂಡೆ ದಾಟುತ್ತಾ?" ಎಂದ ಹರ್ಷ, ಸ್ವಲ್ಪ ಮುನಿಸಿನಲ್ಲಿ.

"ಮಿಕ್ಕಿದ್ದು ನಿನ್ನ ಕೈಲಿದೆ ಕಣಪ್ಪಾ. ಬಂಡೆನ ಗಾಲಿಗಳ ಮಧ್ಯೆ ಬಿಟ್ಕೊಂಡು ಹೋಗ್ತೀರಾ, ಅದಕ್ಕೇ ಉಜ್ಜೋದು. ಗಾಲೀನೇ ಅದರ ಮೇಲೆ ಹತ್ತಿಸು, ಮೆತ್ತಗೆ. ಗಾಲಿ ಎದ್ರೆ ಗುಂಡೂ ಏಳ್ತದೆ."

ಕಷ್ಟವನ್ನು ಹೊಟ್ಟೆಯ ಕೆಳಗೆ ಬಿಟ್ಟುಕೊಂಡು ಹೋದರೆ ಉಜ್ಜುತ್ತದೆ ಎಂದು ನಾನೂ ಅಂದುಕೊಂಡೆ. ಹದಿನೈದು ದಿನ ನಾನು ಮಾಡಿದ್ದು ಅದನ್ನೇ.

ಬಾಗಿದ ಮೆಟ್ಟಿಲನ್ನೂ ಸಾಬರು ನೆಟ್ಟಗೆ ಮಾಡಿಕೊಟ್ಟರು. ಮುಂದಿನ ಅಮಾವಾಸ್ಯೆ ಸಂಜೆ ಹರ್ಷನೂ ನಾನೂ ಹೊರಟೆವು. ಕೊರಕಲು ಬಂದಾಗ ಅವನು ಉಸಿರು ಬಿಗಿಹಿಡಿದು ಎಡಗಾಲಿಯನ್ನು ಬಂಡೆಯ ಮೇಲೆ ಹತ್ತಿಸಿದ. ಜೀಪು ಒಂದು ಕಡೆಗೆ ಒಲೆದು, ಯೋಚಿಸಿ, ಇಳಿಯಿತು. ಕರ್ರ್ ಎನ್ನಲಿಲ್ಲ. "ದಾಟ್ತು ಅಜ್ಜಿ!" ಎಂದು ಅವನು ಕೂಗಿದ್ದರಲ್ಲಿ ನಾಲ್ಕು ಇಂಚಿನ ಸಂತೋಷವೇ ಇತ್ತು.

ದೀಪ ಹಚ್ಚಿದೆ. ಎರಡು ಅಮಾವಾಸ್ಯೆ ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊರಡುವಾಗ ಜೀಪಿನ ಹತ್ತಿರ ಬಂದೆ. ಕೊಟ್ಟಿಗೆಯ ಕಂಬದ ಬದಲು ಜೀಪಿನ ಕಂಬಿ ಹಿಡಿದೆ. ಆರನೇ ಇಟ್ಟಿಗೆ. ಮೊಣಕಾಲು ಬೈದುಕೊಂಡಿತು, ಬಂತು. ಕೂತ ಮೇಲೆ ನೋಡಿದರೆ ಹರ್ಷ ಇಲ್ಲ. ಗಾಡಿಯ ಆಚೆ ಬದಿ ಟೈರಿನ ಹತ್ತಿರ, ನನಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತಿದ್ದ.

"ಏನೋ ಮಾಡ್ತಿದ್ದೀಯಾ ಅಲ್ಲಿ?"

"ಗಾಳಿ ಇದೆಯಾ ಅಂತ ನೋಡ್ತಿದ್ದೀನಿ ಅಜ್ಜಿ."

ಟೈರು ಹಾಕಿ ಮೂರು ದಿನವಾಗಿರಲಿಲ್ಲ. ನಿಮ್ಮ ತಾತನ ಮೂಟೆಯ ಮಾತಿನ ಹಾಗೆ ಇದಕ್ಕೂ ನಾನು "ಹೌದಾ" ಎಂದು ಸುಮ್ಮನಾದೆ.

ನಾನಿಲ್ಲದ ಕಾಲಕ್ಕೆ ಜೀಪನ್ನು ಇನ್ನೂ ಎತ್ತರಿಸುವ ಮನಸ್ಸಾದರೆ ಎತ್ತರಿಸಿ. ನನ್ನ ಅಡ್ಡಿಯಿಲ್ಲ. ಅಷ್ಟು ಹೊತ್ತಿಗೆ ನಿಮ್ಮ ಮೊಣಕಾಲುಗಳದೂ ಏನಾದರೂ ಅಭಿಪ್ರಾಯ ಇರುತ್ತದೆ, ಅವುಗಳನ್ನು ಮಾತ್ರ ಮೂರು ಸಲ ಕೇಳಿ. ಈ ಹಾಳೆಗಳನ್ನು ಬೀರುವಿನಲ್ಲಿ ಇಟ್ಟರೆ ಜಿರಲೆ ತಿನ್ನುತ್ತದೆ. ಜೀಪಿನ ಆರ್‌ಸಿ, ಇನ್ಶೂರೆನ್ಸು ಇರುವ ಪ್ಲಾಸ್ಟಿಕ್ ಕವರಿನಲ್ಲೇ ಇಡಿ. ಅದನ್ನು ನಿಮ್ಮ ತಾತನ ಕಾಲದಿಂದಲೂ ಯಾರೂ ಕಳೆದಿಲ್ಲ. ಗೀಟು ಎಳೆದ ಇಟ್ಟಿಗೆ ಕೊಟ್ಟಿಗೆಯ ಕಿಟಕಿಯಲ್ಲಿದೆ. ಅದನ್ನು ಯಾರೂ ಒಲೆಗೆ ಹಾಕಬೇಡಿ.